ಮೈಸೂರಿನ ಮೇಜಿನ ಮೇಲೆ ಬಾಂಬೆ ಹಡಗು: 1:64ರ ಲೆಕ್ಕ

ತೇಗದ ಹಡಗಿನ ಮಾದರಿಯನ್ನು ತೇಗದಲ್ಲಿ ಮಾಡಬೇಡಿ. ಕೇಳುವುದಕ್ಕೆ ತಲೆಕೆಳಗಾದ ಮಾತು. ಆದರೆ ಲೆಕ್ಕ ಹಾಕಿ ನೋಡಿ. ತೇಗದ ಮೈಮೇಲೆ ಬರಿಗಣ್ಣಿಗೆ ಕಾಣುವ ರಂಧ್ರಗಳು ಕಾಲು ಮಿಲಿಮೀಟರ್ ಆಸುಪಾಸು ಇರುತ್ತವೆ. 1:64ರ, ಅಂದರೆ ನಿಜದ ಅರವತ್ತನಾಲ್ಕನೇ ಒಂದು ಭಾಗದ ಅಳತೆಯ ಮಾದರಿಯಲ್ಲಿ ಆ ರಂಧ್ರಕ್ಕೆ 16 ಮಿ.ಮೀ. ಬೆಲೆ ಬರುತ್ತದೆ, ಅಂದರೆ ಹಲಗೆಯ ತುಂಬ ಬೆರಳು ತೂರುವಷ್ಟು ತೂತು. ಅಂಥ ಹಲಗೆ ಹೊಡೆದ ಹಡಗು ಬಂದರು ದಾಟುವುದಿಲ್ಲ. ಮಾದರಿ ನೋಡಿದ ಕೂಡಲೇ ಆಟಿಕೆ ಅನ್ನಿಸುವುದು ಬಹುತೇಕ ಇಂಥ ಕಾರಣಕ್ಕೇ. ಎಲ್ಲೋ ಏನೋ ಅಳತೆ ಮೀರಿ ದಪ್ಪವಾಗಿರುತ್ತದೆ: ಮರದ ನಾರು, ಹಗ್ಗ, ಹೊಲಿಗೆ, ಮೊಳೆಯ ತಲೆ.

ಇಲ್ಲಿ ಉದಾಹರಣೆಗೆ ಹಿಡಿದಿರುವುದು ಟ್ರಿಂಕೋಮಲಿ. ಬಾಂಬೆ ಹಡಗುಕಟ್ಟೆಯಲ್ಲಿ ಜಮ್ಶೇಟ್‌ಜಿ ಬೊಮನ್‌ಜಿ ವಾಡಿಯಾ ಮಲಬಾರಿನ ತೇಗದಲ್ಲಿ ಕಟ್ಟಿ, 1817ರ ಅಕ್ಟೋಬರ್ 12ರಂದು ನೀರಿಗಿಳಿಸಿದ ಲೀಡಾ ವರ್ಗದ ಫ್ರಿಗೇಟ್, ಅಂದರೆ ಮಧ್ಯಮ ಗಾತ್ರದ ಯುದ್ಧನೌಕೆ. ಇವತ್ತಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ತೇಲುತ್ತಿದೆ. ಇದರ ನಕ್ಷೆ ಹೊತ್ತು ಹೊರಟಿದ್ದ ಜಾವಾ ಎಂಬ ಹಡಗು 1812ರ ಕೊನೆಯಲ್ಲಿ ಅಮೆರಿಕದ ಕಾನ್‌ಸ್ಟಿಟ್ಯೂಷನ್ ಎಂಬ ಯುದ್ಧನೌಕೆಗೆ ಸೋತು ನಾಶವಾಯಿತು, ನಕ್ಷೆಯ ಇನ್ನೊಂದು ಪ್ರತಿ ಕಳಿಸಬೇಕಾಯಿತು. ಶ್ರೀರಂಗಪಟ್ಟಣ ಇಷ್ಟು ಹತ್ತಿರ ಇರುವಾಗ ಟಿಪ್ಪುವಿನ ಹಡಗು ಯಾಕಾಗಬಾರದು ಎಂದು ಕೇಳುವವರಿದ್ದಾರೆ. 1796ರ ಅವನ ನೌಕಾಪಡೆಯ ಆದೇಶದಲ್ಲಿ ದೊಡ್ಡ ಯುದ್ಧನೌಕೆ, ಫ್ರಿಗೇಟ್‌ಗಳ ಮಾತಿದೆ, ನಿಜ. ಆದರೆ ಆದೇಶ ಓದಿಕೊಂಡು ಹಡಗು ಕಟ್ಟಲಾಗುವುದಿಲ್ಲ. ಮೈಯ ಬಾಗು ತೋರಿಸುವ ರೇಖೆಗಳು ಬೇಕು.

ಮೊದಲು ಇಸವಿ ಗೊತ್ತುಮಾಡಿಕೊಳ್ಳಿ. 1817ರ ಟ್ರಿಂಕೋಮಲಿ ಬೇರೆ, 1840ರ ದಶಕದಲ್ಲಿ 26 ತೋಪುಗಳ ಕಾರ್ವೆಟ್ (ಫ್ರಿಗೇಟಿಗಿಂತ ಚಿಕ್ಕ ದರ್ಜೆಯ ಯುದ್ಧನೌಕೆ) ಆಗಿ ಮಾರ್ಪಾಟಾದದ್ದು ಬೇರೆ. ಹಿಂಭಾಗದ ಆಕಾರವೇ ಬದಲಾಗಿದೆ. ಹಾರ್ಟಲ್‌ಪೂಲ್‌ನ ಫೋಟೋ ನೋಡಿ 1817ರ ಮಾದರಿ ಮಾಡಿದರೆ ಎರಡು ಇಸವಿ ಕಲಸಿಹೋಗುತ್ತವೆ. ಬ್ರಿಟಿಷ್ ನೌಕಾಪಡೆಯ ಹಳೆಯ ನಕ್ಷೆಗಳು ಗ್ರೀನಿಚ್‌ನ ರಾಷ್ಟ್ರೀಯ ಕಡಲ ಸಂಗ್ರಹಾಲಯದಲ್ಲಿವೆ. ಅವು ಸಾಮಾನ್ಯವಾಗಿ ಅಡಿಗೆ ಕಾಲು ಇಂಚು, ಅಂದರೆ 1:48. ಜೆರಾಕ್ಸ್ ಅಂಗಡಿಯಲ್ಲಿ 75 ಪರ್ಸೆಂಟ್‌ಗೆ ಇಳಿಸಿದರೆ 1:64, 50ಕ್ಕೆ ಇಳಿಸಿದರೆ 1:96. ಪ್ರಿಂಟ್ ಕೈಗೆ ಬಂದ ತಕ್ಷಣ ಉದ್ದಕ್ಕೂ ಅಡ್ಡಕ್ಕೂ ಸ್ಕೇಲ್ ಇಟ್ಟು ಅಳೆಯಿರಿ. ಯಂತ್ರ ಒಂದು ದಿಕ್ಕಿಗೆ ಮಾತ್ರ ಎಳೆದಿರುವುದುಂಟು. ಅದನ್ನು ಗಮನಿಸದೆ ಬಲ್ಕ್‌ಹೆಡ್, ಅಂದರೆ ಹಡಗಿನ ಮೈಗೆ ಆಕಾರ ಕೊಡುವ ಅಡ್ಡ ಪಕ್ಕೆಹಲಗೆ, ಕತ್ತರಿಸಿದರೆ ಯಾವುದೂ ಬೆನ್ನುಮರದ ಕಚ್ಚಿನಲ್ಲಿ ಸರಿಯಾಗಿ ಕೂರುವುದಿಲ್ಲ. ತೋಪಿನ ಡೆಕ್ ಸುಮಾರು 150 ಅಡಿ, ಅಗಲ ಸುಮಾರು 40 ಅಡಿ. 1:64ರಲ್ಲಿ ಅದು 714 ಮಿ.ಮೀ. ಮತ್ತು 190 ಮಿ.ಮೀ. ಮೂತಿಯಿಂದ ಮುಂದಕ್ಕೆ ಚಾಚಿದ ಕಂಬ, ಬೋಸ್ಪ್ರಿಟ್, ಸೇರಿದರೆ ಮೀಟರು ದಾಟುತ್ತದೆ, ಗಾಜಿನ ಪೆಟ್ಟಿಗೆಗೆ ಜಾಗ ಈಗಲೇ ನೋಡಿಕೊಳ್ಳಿ.

ಹೊರದೇಶದವರು ಬಾಕ್ಸ್‌ವುಡ್ ಬಳಸುವ ಕಡೆ ನಮಗೆ ಹಾಲೆ ಮರ ಇದೆ, ಚನ್ನಪಟ್ಟಣದ ಗೊಂಬೆಯವರು ಕಡೆಯುವ ಅದೇ ಆಲೆ ಮರ. ದಂತದ ಬಣ್ಣ, ನಾರು ಕಣ್ಣಿಗೆ ಬೀಳದಷ್ಟು ನಯ, ಚಾಕುವಿನ ಅಂಚಿಗೆ ಸಿಪ್ಪೆ ಏಳುವುದಿಲ್ಲ. ದೋಷ ಎರಡು. ಹಸಿಯಾಗಿ ದಿಮ್ಮಿಯಲ್ಲೇ ಬಿಟ್ಟರೆ ಬೂಷ್ಟು ಹಿಡಿದು ನೀಲಿಗಟ್ಟುತ್ತದೆ. ಒಣಗಿದ ಮೇಲೆ ಕುಟ್ಟೆ ಹಿಡಿಯುತ್ತದೆ. ಆದ್ದರಿಂದ ತಂದ ಕೂಡಲೇ ಹಲಗೆ ಸೀಳಿಸಿ, ನಡುವೆ ಕಡ್ಡಿ ಇಟ್ಟು ಗಾಳಿಯಾಡುವಂತೆ ನೆರಳಲ್ಲಿ ಪೇರಿಸಬೇಕು. ಮಂಡಿ ಮೊಹಲ್ಲಾದ ಇನ್ಲೇ ಕೆಲಸದವರ ಬಳಿ ಬೀಟೆಯ ತುಂಡು ಸಿಗುತ್ತದೆ ಎಂದು ಹಡಗಿನ ಪಕ್ಕದ ಕಪ್ಪು ಪಟ್ಟಿಗೆ ಅದನ್ನು ಬಳಸಲು ಕೈ ಓಡುತ್ತದೆ. ಬೇಡ. ಬೀಟೆಯ ರಂಧ್ರವೂ ದೊಡ್ಡದು, ಮರದ ಎಣ್ಣೆಗೆ ಅಂಟು ಸರಿಯಾಗಿ ಹಿಡಿಯುವುದಿಲ್ಲ, ಉಜ್ಜಿದ ಪುಡಿ ಕೆಲವರ ಮೈಗೆ ತುರಿಕೆ ತರುತ್ತದೆ. ಅದನ್ನು ಹಡಗಿನ ಪೀಠಕ್ಕೆ ಇಡಿ, ಅಲ್ಲಿ ಅದರ ಚೆಂದಕ್ಕೆ ಅಡ್ಡಿಯಿಲ್ಲ.

ಕಪ್ಪು ಬೇಕಾದರೆ ಹಾಲೆಗೇ ಬಣ್ಣ ಕಟ್ಟಿ. ಉಕ್ಕಿನ ಉಣ್ಣೆಯನ್ನು ವಿನಿಗರ್‌ನಲ್ಲಿ ನಾಲ್ಕೈದು ದಿನ ನೆನೆಸಿದ ನೀರು ಒಂದು ಕಡೆ. ದೇವರಾಜ ಮಾರುಕಟ್ಟೆಯ ಗ್ರಂಧಿಗೆ ಅಂಗಡಿಯ ಅಳಲೆಕಾಯಿ ಜಜ್ಜಿ ಕುದಿಸಿದ ಕಷಾಯ ಇನ್ನೊಂದು ಕಡೆ. ಮೊದಲು ಕಷಾಯ ಬಳಿದು ಒಣಗಿಸಿ, ಆಮೇಲೆ ಕಬ್ಬಿಣದ ನೀರು. ಕಣ್ಣೆದುರೇ ಕಪ್ಪೇರುತ್ತದೆ. ಹಾಲೆಯಲ್ಲಿ ಒಗರು ಕಡಿಮೆ, ಹಾಗಾಗಿ ಕಷಾಯ ಬಿಟ್ಟು ಬರೀ ಕಬ್ಬಿಣದ ನೀರು ಹಾಕಿದರೆ ಬೂದಿ ಬಣ್ಣಕ್ಕೇ ನಿಂತುಬಿಡುತ್ತದೆ. ಬಣ್ಣ ಆಳಕ್ಕೆ ಇಳಿಯುವುದಿಲ್ಲ, ಆದ್ದರಿಂದ ಉಜ್ಜುವ ಕೆಲಸವೆಲ್ಲ ಮೊದಲೇ ಮುಗಿದಿರಲಿ.

ಹಲಗೆ ಹೊಡೆಯುವ ಮೊದಲು ಬಲ್ಕ್‌ಹೆಡ್‌ಗಳ ಅಂಚನ್ನು ಇಳಿಜಾರಾಗಿ ಉಜ್ಜಬೇಕು. ತೆಳು ಪಟ್ಟಿಯೊಂದನ್ನು ನಾಲ್ಕು ಬಲ್ಕ್‌ಹೆಡ್ ಮೇಲೆ ಒತ್ತಿ ಹಿಡಿಯಿರಿ. ಪ್ರತಿಯೊಂದರ ಪೂರ್ತಿ ದಪ್ಪಕ್ಕೂ ಅಂಟಿಕೊಂಡರೆ ಸರಿ. ಅಂಚು ಚೌಕವಾಗೇ ಉಳಿದರೆ ಪಟ್ಟಿ ಮೂಲೆಗೆ ಮಾತ್ರ ತಾಗಿ, ಮುಗಿದ ಹಡಗು ಬಡಕಲು ಎತ್ತಿನ ಪಕ್ಕೆಯ ಹಾಗೆ ಕಾಣುತ್ತದೆ. ಒಳಪದರಕ್ಕೆ 1.5 ಮಿ.ಮೀ., ಹೊರಪದರಕ್ಕೆ 0.6 ಮಿ.ಮೀ. ಪಟ್ಟಿ ಸಾಕು.

ಹೆಚ್ಚಿನವರು ಕೆಡಿಸುವುದು ಮೂತಿಯಲ್ಲಿ. ನಡುಭಾಗದಲ್ಲಿ ಒಂದು ಬದಿಯ ಸುತ್ತಳತೆ 140 ಮಿ.ಮೀ. ಇದ್ದರೆ 4 ಮಿ.ಮೀ. ಪಟ್ಟಿ 35 ಸಾಲು. ಮೂತಿಯಲ್ಲಿ ಸುತ್ತಳತೆ 98ಕ್ಕೆ ಇಳಿದರೆ ಅಲ್ಲಿ ಒಂದೊಂದು ಪಟ್ಟಿಯೂ 2.8 ಆಗಬೇಕು. ಅಷ್ಟು ಕಿರಿದು ಮಾಡಬಹುದು. ಅದೇ 63ಕ್ಕೆ ಇಳಿದರೆ 1.8, ಅಂದರೆ ಅರ್ಧಕ್ಕಿಂತ ಕಡಿಮೆ. ಹಡಗು ಕಟ್ಟುವವರು ಹಲಗೆಯನ್ನು ಅಷ್ಟು ಕಿರಿದು ಮಾಡುತ್ತಿರಲಿಲ್ಲ, ಮೊಳೆ ಹಿಡಿಯಲು ಮರವೇ ಉಳಿಯುವುದಿಲ್ಲ. ಅಲ್ಲಿ ಒಂದು ಸಾಲನ್ನು ಅರ್ಧ ಅಗಲದಲ್ಲಿ ಮೊಂಡಾಗಿ ನಿಲ್ಲಿಸಿ, ಪಕ್ಕದ ಹಲಗೆಗೆ ಅದೇ ಅಳತೆಯ ಕಚ್ಚು ಕೊಯ್ದು, ಎರಡು ಸಾಲನ್ನು ಒಂದು ಮಾಡುತ್ತಿದ್ದರು. ಪೆನ್ಸಿಲ್ ಮೊನೆಯ ಹಾಗೆ ಚೂಪಾದ ಹಲಗೆಗಳು ಮೂತಿಯಲ್ಲಿ ಗುಂಪುಗೂಡಿದ್ದರೆ, ಕಿಟ್‌ನ ಕಾಗದ ನೋಡಿ ಕಟ್ಟಿದ್ದು ಎಂದು ದೂರದಿಂದಲೇ ಹೇಳಬಹುದು.

ಪಟ್ಟಿಯನ್ನು ಅಡ್ಡಲಾಗಿ ಬಗ್ಗಿಸಬೇಕಾದಾಗ ನೀರಲ್ಲಿ ನೆನೆಸಬೇಡಿ. ನೆನೆದಾಗ ಉಬ್ಬುತ್ತದೆ, ಅಂಟಿಸಿದ ಮಾರನೇ ದಿನ ಒಣಗಿ ಸಂದು ಬಿಡುತ್ತದೆ. ಹಲಗೆಯ ಮೇಲೆ ಕ್ಲ್ಯಾಂಪ್ ಹಾಕಿ, ಬೇಕಾದುದಕ್ಕಿಂತ ಸ್ವಲ್ಪ ಹೆಚ್ಚೇ ಬಗ್ಗಿಸಿ, ಹೇರ್ ಡ್ರೈಯರ್ ಶಾಖ ಎರಡು ಮೂರು ನಿಮಿಷ ಕೊಟ್ಟು, ತಣ್ಣಗಾಗುವವರೆಗೆ ಬಿಡಿ. ಅಂಟು ಮಾಮೂಲಿ ಫೆವಿಕಾಲ್ ಸಾಕು. ಫೆವಿಕ್ವಿಕ್ ಹಾಲೆಯೊಳಗೆ ಇಂಗಿದ ಕಡೆ ಪಾಲಿಶ್ ಹಿಡಿಯದೆ ಕಲೆ ನಿಲ್ಲುತ್ತದೆ. ಹೊರಪದರದ ಕೆಲಸ ಮಳೆಗಾಲದಲ್ಲಿ ಬೇಡ. ಜುಲೈನಲ್ಲಿ ಬಿಗಿಯಾಗಿ ಕೂತ ಪಟ್ಟಿ ಮಾರ್ಚ್ ಹೊತ್ತಿಗೆ ಕೂದಲೆಳೆಯಷ್ಟು ಬಿಟ್ಟುಕೊಳ್ಳುತ್ತದೆ, ಆ ಕೂದಲೆಳೆ ಈ ಅಳತೆಯಲ್ಲಿ ಸುಮಾರು 5 ಮಿ.ಮೀ.

ಡೆಕ್‌ಗೆ 10 ಇಂಚಿನ ಹಲಗೆ 4 ಮಿ.ಮೀ., 24 ಅಡಿಯ ಉದ್ದ 114 ಮಿ.ಮೀ. ಸಂದಿನ ಡಾಂಬರಿನ ಗೆರೆ 0.1 ಮಿ.ಮೀ. ಇದ್ದರೆ ಸಾಕು. ಅದಕ್ಕೆ ಪಟ್ಟಿಯ ಒಂದೇ ಅಂಚಿಗೆ ಮೆತ್ತನೆ ಪೆನ್ಸಿಲ್ ತೀಡಬೇಕು. ಮಾರ್ಕರ್ ಒಳಗೆ ಹರಡಿಕೊಳ್ಳುತ್ತದೆ. ಹಲಗೆ ಕೂರಿಸುವ ಮರದ ಗೂಟಗಳಿಗೆ ಬಂಬೂ ಬಜಾರಿನ ಬಿದಿರು. ಗೆಣ್ಣಿನಿಂದ ಗೆಣ್ಣಿಗೆ ಕತ್ತರಿಸಿ, ಹೊರಸಿಪ್ಪೆಯ ಒತ್ತಿನ ಗಟ್ಟಿ ಭಾಗವನ್ನು 1 ಮಿ.ಮೀ. ಕಡ್ಡಿಯಾಗಿ ಸೀಳಿ, ಅಕ್ಕಸಾಲಿಗರು ತಂತಿ ಎಳೆಯುವ ತೂತುಗಳ ಉಕ್ಕಿನ ತಟ್ಟೆಯಲ್ಲಿ ಹಂತ ಹಂತವಾಗಿ 0.5ಕ್ಕೆ ಎಳೆಯಬೇಕು. ತಟ್ಟೆಯನ್ನು ಮಾತ್ರ ಹಿಂದುಮುಂದು ಮಾಡಿಕೊಳ್ಳಿ. ಅಕ್ಕಸಾಲಿಗರು ತೂತಿನ ಅಗಲ ಬಾಯಿಂದ ತಂತಿ ತೂರಿಸುತ್ತಾರೆ, ಅದು ಲೋಹವನ್ನು ಒತ್ತುತ್ತದೆ. ಬಿದಿರು ಕಿರಿದಾದ ಚೂಪು ಅಂಚಿನ ಕಡೆಯಿಂದ ಹೋಗಬೇಕು, ಆಗ ಹೆರೆಯುತ್ತದೆ. ಗೂಟಕ್ಕೆ ಕಂದು ಬಣ್ಣ ಹಚ್ಚುವ ಚಪಲ ಬೇಡ, ಡೆಕ್‌ಗೆ ಸಿಡುಬು ಎದ್ದ ಹಾಗಿರುತ್ತದೆ.

ತಳಕ್ಕೆ ತಾಮ್ರ. ಬ್ರಿಟಿಷ್ ಪಡೆಯ ತಗಡು 4 ಅಡಿ ಉದ್ದ, 14 ಇಂಚು ಅಗಲ. ಇಲ್ಲಿ 19 ಮಿ.ಮೀ., 5.6 ಮಿ.ಮೀ. ಅರ್ಧ ಮಿ.ಮೀ. ಒಂದರ ಮೇಲೊಂದು ಹತ್ತಿಸಿದರೆ 6 ಮಿ.ಮೀ. ಅಗಲದ ತಾಮ್ರದ ಅಂಟುಪಟ್ಟಿ ಹೇಳಿಮಾಡಿಸಿದಂತಿದೆ. ಹಿಂಭಾಗದಿಂದ ಶುರುಮಾಡಿ ಮುಂದಕ್ಕೆ ಬನ್ನಿ, ಮುಂದಿನ ತಗಡು ಹಿಂದಿನದರ ಮೇಲೆ ಕೂರಬೇಕು, ಇಲ್ಲದಿದ್ದರೆ ಹರಿಯುವ ನೀರು ತಗಡನ್ನು ಎಬ್ಬಿಸುತ್ತದೆ. ಗುಳ್ಳೆಗುಳ್ಳೆ ಮೊಳೆತಲೆ ಒತ್ತಿದ ರೆಡಿಮೇಡ್ ತಗಡು ಮಾತ್ರ ಬೇಡವೇ ಬೇಡ.

ಹಗ್ಗದ ವಿಷಯದಲ್ಲಿ ಒಂದೇ ತಪ್ಪು ಎಲ್ಲವನ್ನೂ ಹಾಳುಮಾಡುತ್ತದೆ. ಹಳೆಯ ಪಟ್ಟಿಗಳಲ್ಲಿ 9 ಇಂಚಿನ ಹಗ್ಗ ಎಂದರೆ ಸುತ್ತಳತೆ, ವ್ಯಾಸವಲ್ಲ. 3.14ರಿಂದ ಭಾಗಿಸಿ. 9 ಇಂಚಿನ ಶ್ರೌಡ್, ಅಂದರೆ ಕಂಬವನ್ನು ಎರಡೂ ಬದಿಗೆ ಬಿಗಿದು ಹಿಡಿಯುವ ಹಗ್ಗ, 1.14 ಮಿ.ಮೀ. ಆಗುತ್ತದೆ. ಭಾಗಿಸದೆ ಬಿಟ್ಟರೆ 3.6 ಮಿ.ಮೀ. ಹಗ್ಗ ಬಂದು ಕೂರುತ್ತದೆ. ದೊಡ್ಡ ಕಂಬವನ್ನು ಮುಂದಕ್ಕೆ ಬಿಗಿಯುವ ಮುಖ್ಯ ಸ್ಟೇ ಹಗ್ಗದ ಸುತ್ತಳತೆ ಕಂಬದ ವ್ಯಾಸದ ಅರ್ಧ: 28 ಇಂಚಿನ ಕಂಬಕ್ಕೆ 14 ಇಂಚಿನ ಹಗ್ಗ, 1:64ರಲ್ಲಿ 1.8 ಮಿ.ಮೀ.

ಮೈಸೂರಿನಲ್ಲಿ ಕೂತು ರೇಷ್ಮೆ ಬೇಡ ಎನ್ನುವುದು ಕಷ್ಟ, ಆದರೂ ಬೇಡ. ಹೊಳಪು ಸೆಣಬಿನದಲ್ಲ, ಬೆಳಕಿಗೆ ಬಲವೂ ಕುಂದುತ್ತದೆ. ಹತ್ತಿ ದಾರ ರೋಮ ಏಳುತ್ತದೆ. ಪಾಲಿಯೆಸ್ಟರ್ ಹೊಲಿಗೆ ದಾರವೇ ಒಳ್ಳೆಯದು. ಅದರ ಹುರಿ ಸಾಮಾನ್ಯವಾಗಿ ಬಲಕ್ಕೆ ಏರುತ್ತದೆ. ಮೂರು ದಾರ ನೇರವಾಗಿ ಹೊಸೆದರೆ ಎಡಹುರಿಯ ಹಗ್ಗವಾಗುತ್ತದೆ, ಹಡಗಿನ ಮಾಮೂಲಿ ಹಗ್ಗ ಬಲಹುರಿ. ಹಾಗಾಗಿ ಮೊದಲು ಎರಡೆರಡು ದಾರ ಎಡಕ್ಕೆ ಹೊಸೆದು ಎಳೆ ಮಾಡಿ, ಅಂಥ ಮೂರು ಎಳೆಯನ್ನು ಬಲಕ್ಕೆ ಹೊಸೆಯಿರಿ. ಉದ್ದ ಸುಮಾರು ಕಾಲುಭಾಗ ಕುಗ್ಗುತ್ತದೆ, ಅಷ್ಟು ಹೆಚ್ಚಿಗೆ ಇಟ್ಟುಕೊಳ್ಳಿ. ತೂಕ ಕಟ್ಟಿ ಒಂದು ರಾತ್ರಿ ನೇತುಹಾಕಿ. ಕತ್ತರಿಸಿದ ತುದಿ ಬಿಚ್ಚಿಕೊಂಡರೆ ಕೊನೆಯ ಹುರಿ ಸಾಲದು, ಸಡಿಲ ಬಿಟ್ಟಾಗ ಗಂಟುಗಂಟಾಗಿ ಸುತ್ತಿಕೊಂಡರೆ ಹೆಚ್ಚಾಗಿದೆ.

ಹಾಯಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೊಲಿಗೆ ಯಂತ್ರದ 2 ಮಿ.ಮೀ. ಹೊಲಿಗೆ ಇಲ್ಲಿ 5 ಇಂಚಿನ ಹೊಲಿಗೆ. ಮಡಿಸಿ ಕಟ್ಟಿದ ಹಾಯಿ ತೋರಿಸುವುದಾದರೆ ನಿಜವಾದ ಎತ್ತರದ ಮೂರನೇ ಒಂದು ಭಾಗದಷ್ಟೇ ಬಟ್ಟೆ ಹಾಕಿ, ಇಲ್ಲದಿದ್ದರೆ ಹಾಸಿಗೆ ಸುತ್ತಿಟ್ಟಂತಾಗುತ್ತದೆ. ಹಾಯಿ ಇಲ್ಲದೆಯೂ ಹಡಗು ಹಡಗೇ.

ಶ್ರೌಡ್‌ಗಳನ್ನು ಜೋಡಿಜೋಡಿಯಾಗಿ, ಬಲಬದಿಯ ಮುಂದಿನ ಜೋಡಿಯಿಂದ ಶುರುಮಾಡಿ, ಆಮೇಲೆ ಎಡಬದಿ, ಹೀಗೆ ಬದಲಿಸುತ್ತ ಏರಿಸಬೇಕು. ಒಂದೇ ಬದಿಯದನ್ನು ಮೊದಲು ಮುಗಿಸಿದರೆ ಕಂಬ ಆ ಕಡೆಗೆ ವಾಲುತ್ತದೆ. ಏಣಿಯಂಥ ಅಡ್ಡ ಹಗ್ಗಗಳು, ರ‍್ಯಾಟ್‌ಲೈನ್, 13 ಇಂಚಿಗೊಂದು, ಅಂದರೆ 5.2 ಮಿ.ಮೀ. ಆ ಅಂತರದ ಗೆರೆ ಎಳೆದ ರಟ್ಟನ್ನು ಶ್ರೌಡ್ ಹಿಂದೆ ಇಟ್ಟು, ಮೊದಲು ಐದಕ್ಕೊಂದು ಮಾತ್ರ ಕಟ್ಟಿಕೊಂಡು ಬನ್ನಿ, ನಡುವಿನವು ಆಮೇಲೆ. ಕೆಳಗಿನಿಂದ ಸಾಲಾಗಿ ಬಿಗಿಯುತ್ತ ಹೋದರೆ ಅಂಚಿನ ಶ್ರೌಡ್‌ಗಳು ಒಳಕ್ಕೆ ಸೆಳೆದು ನಡುವೆ ಸೊಂಟ ಮೂಡುತ್ತದೆ, ಬಿಚ್ಚದೆ ಸರಿಯಾಗುವುದಿಲ್ಲ. ಗಂಟಿಗೆ ನೀರು ಬೆರೆಸಿದ ಫೆವಿಕಾಲ್ ಒಂದು ತೊಟ್ಟು, ತುದಿ ಕತ್ತರಿಸುವುದು ಮಾರನೇ ದಿನ.