ಕ್ಯಾಲ್ಕುಲೇಟರ್ ಸೊನ್ನೆ ಅಂದಿತ್ತು, ಮೀಟರ್ 130 ತೋರಿಸಿತು

ಬೆಳಗಾವಿಯ ಉದ್ಯಮಬಾಗದಲ್ಲಿ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ಕೆಲಸಕ್ಕೆ ಸೇರಿದ ಹೊಸತು. ಒಂದು ಮೋಟರ್ ಡ್ರೈವ್ (ಮೋಟರ್‌ನ ವೇಗ ನಿಯಂತ್ರಿಸುವ ಪೆಟ್ಟಿಗೆ) ಕೆಟ್ಟಿತ್ತು. ಮೇನ್ ಆಫ್ ಮಾಡಿ ಬಿಚ್ಚಬೇಕು. ಆದರೆ ಕರೆಂಟ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. 415 ವೋಲ್ಟ್ ಎಸಿ ಸಪ್ಲೈ ಅಂದರೆ ಒಳಗೆ ಡಿಸಿ ಅದರ ಸುಮಾರು 1.414 ಪಟ್ಟು, 587 ವೋಲ್ಟ್. ಕೈ ಹಾಕಿದರೆ ಮುಗೀತು.

ಕೆಪಾಸಿಟರ್ 2000 ಮೈಕ್ರೋಫ್ಯಾರಡ್, ಚಾರ್ಜ್ ಇಳಿಸುವ ರೆಸಿಸ್ಟರ್ 20 ಕಿಲೋ ಓಮ್. ಎರಡನ್ನೂ ಗುಣಿಸಿದರೆ ಆರ್‌ಸಿ, ಅಂದರೆ ಚಾರ್ಜ್ ಎಷ್ಟು ಬೇಗ ಇಳಿಯುತ್ತದೆ ಅನ್ನುವ ಅಳತೆ, 40 ಸೆಕೆಂಡ್. ಒಂದು ನಿಮಿಷ ಬಿಟ್ಟರೆ ಎಷ್ಟು ವೋಲ್ಟ್ ಉಳಿಯುತ್ತದೆ? 587ನ್ನು ‘ಇ’ (ಸುಮಾರು 2.718 ಅನ್ನುವ ಸಂಖ್ಯೆ) ಪವರ್ ಮೈನಸ್ 60/40 ರಿಂದ ಗುಣಿಸಬೇಕು. ಡಿಪ್ಲೊಮಾದಿಂದ ಜೊತೆಗಿದ್ದ ಕ್ಯಾಸಿಯೊ ಎಫ್‌ಎಕ್ಸ್-82 ಎಂಎಸ್ ತೆಗೆದು ಒತ್ತಿದೆ: 587, ಗುಣಿಸು, ಶಿಫ್ಟ್, ಎಲ್‌ಎನ್ (ಇವೆರಡೂ ಸೇರಿದರೆ ‘ಇ’ ಪವರ್), ಮೈನಸ್ 60, ಭಾಗಿಸು 40. ಬಂದ ಉತ್ತರ 1.285, ಪಕ್ಕದಲ್ಲಿ ಚಿಕ್ಕದಾಗಿ ಮೈನಸ್ 25. ಅಂದರೆ 1.285 ಗುಣಿಸು 10ರ ಪವರ್ ಮೈನಸ್ 25, ಸೊನ್ನೆಯೇ ಅಲ್ವಾ?

“ಕಾಕಾ, ಏನೂ ಉಳಿದಿಲ್ಲ, ಬಿಚ್ಚೋಣ” ಅಂತ ಜೊತೆಗಿದ್ದ ಹಿರಿಯರಿಗೆ ಅಂದೆ.

“ತಡಿ ತಮ್ಮಾ. ಮೊದಲ ಮೀಟರ್ ಹಚ್ಚಿ ನೋಡು.”

ಮೀಟರ್ ತೋರಿಸಿದ್ದು 130ರ ಆಸುಪಾಸು. ನನ್ನ ಕೈ ತಣ್ಣಗಾಯಿತು.

ತಪ್ಪಿದ್ದು ಒಂದು ಬ್ರಾಕೆಟ್. ಆ ಮಾಡೆಲ್‌ನಲ್ಲಿ ಬ್ರಾಕೆಟ್ ಹಾಕದಿದ್ದರೆ ಪವರ್‌ಗೆ ಹೋಗುವುದು ಮೈನಸ್ 60 ಮಾತ್ರ. 40ರ ಭಾಗಾಕಾರ ಆಮೇಲೆ ನಡೆಯುತ್ತದೆ. ಶಿಫ್ಟ್, ಎಲ್‌ಎನ್ ಆದ ಕೂಡಲೇ ಬ್ರಾಕೆಟ್ ತೆರೆದು, ಮೈನಸ್ 60 ಭಾಗಿಸು 40 ಬರೆದು ಮುಚ್ಚಿದರೆ 131 ವೋಲ್ಟ್ ಬರುತ್ತದೆ. ಪುಸ್ತಕದಲ್ಲಿ ಇದ್ದ ಹಾಗೆಯೇ ಲೆಕ್ಕ ತೋರಿಸುವ ಹೊಸ ಮಾಡೆಲ್‌ಗಳಲ್ಲಿ ತೊಂದರೆ ಉಲ್ಟಾ. ಅಲ್ಲಿ ಪವರ್ ಬರೆದ ಮೇಲೆ ಬಲಗಡೆಯ ಬಾಣ ಒತ್ತಿ ಕೆಳಗೆ ಇಳಿಯದಿದ್ದರೆ, ಮುಂದೆ ಒತ್ತಿದ್ದೆಲ್ಲ ಮೇಲೆಯೇ ಸೇರಿಕೊಳ್ಳುತ್ತದೆ.

ಇನ್ನೊಂದು, ಇಎಕ್ಸ್‌ಪಿ ಬಟನ್. ಹೆಸರು ನೋಡಿ ಜಾಸ್ತಿ ಹುಡುಗರು ಅದೇ ‘ಇ’ ಪವರ್ ಅಂದುಕೊಳ್ಳುತ್ತಾರೆ. ಅಲ್ಲ, ಅದು ‘ಗುಣಿಸು 10ರ ಪವರ್’. 2000 ಮೈಕ್ರೋ ಬರೆಯಲು 2000, ಇಎಕ್ಸ್‌ಪಿ, ಮೈನಸ್ 6 ಅಷ್ಟೇ ಸಾಕು. ನಡುವೆ ಸುಮ್ನೆ ‘ಗುಣಿಸು 10’ ಸೇರಿಸಿದರೆ ಹತ್ತು ಪಟ್ಟು ಆಗುತ್ತದೆ. ನಮ್ಮ ಲೆಕ್ಕದಲ್ಲಿ 40 ಸೆಕೆಂಡ್ ಹೋಗಿ 400 ಆಗುತ್ತದೆ.

ಅವತ್ತೇ ಕ್ಯಾಲ್ಕುಲೇಟರ್ ಮುಚ್ಚಳದ ಒಳಗೆ ಚೀಟಿ ಅಂಟಿಸಿದೆ: ಒಂದು ಆರ್‌ಸಿಗೆ ಉಳಿಯುವುದು 37 ಪರ್ಸೆಂಟ್, ಎರಡಕ್ಕೆ 13.5, ಮೂರಕ್ಕೆ 5, ಐದಕ್ಕೆ ಒಂದಕ್ಕಿಂತ ಕಡಿಮೆ. 60 ಸೆಕೆಂಡ್ ಅಂದರೆ ಒಂದೂವರೆ ಆರ್‌ಸಿ. ಹಾಗಿದ್ದಾಗ ಉತ್ತರ 587ರ 37 ಪರ್ಸೆಂಟ್‌ಗೂ 13.5 ಪರ್ಸೆಂಟ್‌ಗೂ ನಡುವೆ ಬರಲೇಬೇಕು. ಈ ಚೀಟಿ ಅವತ್ತು ಇದ್ದಿದ್ದರೆ, ಆ ಮೈನಸ್ 25 ನೋಡಿದ ತಕ್ಷಣ ನಿಲ್ಲುತ್ತಿದ್ದೆ.

ಈಗ ಹೊಸದಾಗಿ ಬರುವ ಹುಡುಗರಿಗೆ ಇದೇ ಡ್ರೈವ್ ತೋರಿಸಿ, 587 ಇಳಿದು 50 ಆಗಲು ಎಷ್ಟು ಹೊತ್ತು ಬೇಕು ಅಂತ ಕೇಳುತ್ತೇನೆ. 40 ಗುಣಿಸು ಎಲ್‌ಎನ್ (ಈ ಸಲ ಶಿಫ್ಟ್ ಇಲ್ಲದೆ), ಬ್ರಾಕೆಟ್‌ನಲ್ಲಿ 587 ಭಾಗಿಸು 50. ಸುಮಾರು 98.5 ಸೆಕೆಂಡ್. ಉತ್ತರ ಸರಿ ಬಂದವರ ಕೈಗೂ ಮೊದಲು ಮೀಟರ್ ಕೊಡುತ್ತೇನೆ, ಸ್ಕ್ರೂಡ್ರೈವರ್ ಆಮೇಲೆ.