ಅಜ್ಜಿಯ ಕೂದಲಿಗೆ ಡಾಕ್ಟರ್ ಸರ್ಟಿಫಿಕೇಟ್

ಒಂದು ಶುಕ್ರವಾರ ಮಗಳ ಸ್ಕೂಲ್ ಡೈರಿಯಲ್ಲಿ ಕೆಂಪು ಇಂಕಿನಲ್ಲಿ ಮೂರು ಸಾಲು ಬರೆದು ಬಂತು. ‘ವಿದ್ಯಾರ್ಥಿನಿ ಕೂದಲಿಗೆ ಬಣ್ಣ ಹಾಕಿಸಿದ್ದಾಳೆ. ಇದು ಶಾಲೆಯ ನಿಯಮಕ್ಕೆ ವಿರುದ್ಧ. ಸೋಮವಾರದೊಳಗೆ ಕಪ್ಪು ಮಾಡಿಸಿ ಕಳಿಸಿ.’ ಬಣ್ಣ ಹಾಕಬಾರದು, ಹಾಗಾಗಿ ಬಣ್ಣ ಹಾಕಿಸಿ ಎಂದಂತಾಯಿತು. ನನಗೆ ನಗು ಬಂತು. ಹೆಂಡತಿಗೆ ಬರಲಿಲ್ಲ. ಬೆಳಿಗ್ಗೆ ಪ್ರಾರ್ಥನೆ ಹೊತ್ತಲ್ಲಿ ಮಗಳನ್ನು ಸಾಲಿನಿಂದ ಆಚೆ ನಿಲ್ಲಿಸಿದ್ದರಂತೆ, ಉಗುರು ಕತ್ತರಿಸದವರ, ಶೂ ಪಾಲಿಶ್ ಮಾಡದವರ ಜೊತೆ. ಅದು ಗೊತ್ತಾದ ಮೇಲೆ ನನ್ನ ನಗುವೂ ನಿಂತಿತು.

ನಮ್ಮ ಮನೆಯಲ್ಲಿ ಈ ಕೂದಲು ಹೊಸದಲ್ಲ. ನೆರಳಲ್ಲಿ ಕಂದು, ಬಿಸಿಲಿಗೆ ನಿಂತರೆ ತಾಮ್ರ. ಅಜ್ಜಿಗಿತ್ತು, ಅಪ್ಪನಿಗಿತ್ತು, ಅಕ್ಕನಿಗೂ ನನಗೂ ಬಂತು, ಈಗ ಮಗಳಿಗೆ. ಅಜ್ಜಿಯ ತವರು ಹಾಸನ ಜಿಲ್ಲೆ ಆಲೂರು ಕಡೆ. ಹೆಸರು ಕೆಂಚಮ್ಮ. ಕೂದಲು ನೋಡಿ ಇಟ್ಟ ಹೆಸರಲ್ಲ, ಕೆಂಚಮ್ಮನ ಹೊಸಕೋಟೆಯ ದೇವಿಯ ಹೆಸರು. ಅಕ್ಕತಂಗಿಯರು ಏಳು ಜನ ಬಂದರು, ಮೂವರು ಹಾಸನಾಂಬೆ ಗುಡಿಯಲ್ಲಿ ಹುತ್ತವಾಗಿ ನಿಂತರು, ಮೂವರು ದೇವಿಗೆರೆಯಲ್ಲಿ ನೆಲೆಯಾದರು, ಒಬ್ಬಳು ಮಾತ್ರ ಹೊಸಕೋಟೆಗೆ ಬಂದಳು ಅಂತ ಅಜ್ಜಿ ಕಥೆ ಹೇಳುತ್ತಿದ್ದರು. ‘ನಮ್ಮಮ್ಮ ಒಬ್ಬಳೇ ಬೇರೆ ದಾರಿ ಹಿಡಿದವಳು’ ಅನ್ನುವಾಗ ಅವರ ದನಿಯಲ್ಲಿ ಸ್ವಲ್ಪ ಜಂಬವೇ ಇರುತ್ತಿತ್ತು.

ನನಗೆ ಶಾಲೆಯಲ್ಲಿ ‘ಕೆಂಚ’ ಅಂತ ಹೆಸರು ಬಿತ್ತು. ಬೇಜಾರಾಯಿತಾ ಅಂದರೆ, ಇಲ್ಲ. ಕ್ರಿಕೆಟ್ ಆಡುವಾಗ ‘ಕೆಂಚನಿಗೆ ಬಾಲ್ ಕೊಡ್ರೋ’ ಅಂತ ಕೂಗುತ್ತಿದ್ದರು, ಅಷ್ಟೇ. ಈಗ ಚಿಕ್ಕಮಗಳೂರಿನಲ್ಲಿ ನನ್ನದೊಂದು ಕಾಫಿ ಪುಡಿ ಅಂಗಡಿ ಇದೆ. ಬೋರ್ಡಿನಲ್ಲಿ ದೇವರ ಹೆಸರಿದೆ, ಆದರೆ ಹಳೇ ಗಿರಾಕಿಗಳಿಗೆ ಅದು ಕೆಂಚನ ಅಂಗಡಿ. ಅರ್ಧ ಕೂದಲು ಉದುರಿ, ಉಳಿದರ್ಧ ಬೆಳ್ಳಗಾದರೂ ಹೆಸರು ಹೋಗಿಲ್ಲ. ನಿಜ ಹೇಳಬೇಕೆಂದರೆ ಆ ಹೆಸರಿನಿಂದ ನನಗೆ ವ್ಯಾಪಾರವೇ ಆಗಿದೆ.

ಅಕ್ಕನ ಕಥೆ ಬೇರೆ. ಅದೇ ಕೂದಲು, ಅದೇ ಮನೆ. ಅವಳಿಗೆ ‘ತೆಂಗಿನ ನಾರು’ ಅಂದರು. ‘ಎಣ್ಣೆ ಕಾಣದ ತಲೆ’ ಅಂದರು. ಅಮ್ಮ ಕಬ್ಬಿಣದ ಬಾಣಲೆಯಲ್ಲಿ ನೆಲ್ಲಿಕಾಯಿ, ಗರಗದ ಸೊಪ್ಪು, ದಾಸವಾಳದ ಎಲೆ ಹಾಕಿ ಕಾಯಿಸಿದ ಎಣ್ಣೆಯನ್ನು ಅಕ್ಕನ ತಲೆಗೆ ಸುರಿದದ್ದು ಎಷ್ಟು ಲೀಟರೋ. ಎಣ್ಣೆ ಕಪ್ಪಾಯಿತು, ದಿಂಬಿನ ಚೀಲ ಕಪ್ಪಾಯಿತು, ಕೂದಲು ಮಾತ್ರ ಆಗಲಿಲ್ಲ. ನನ್ನ ತಲೆಗೆ ಒಂದು ಹನಿ ಹಾಕಿದ್ದು ನೆನಪಿಲ್ಲ. ಗಂಡು ಹುಡುಗ, ಹೇಗಿದ್ದರೇನು.

ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು, ಕಾಫಿ ಕುಡಿದು, ‘ಊರಿಗೆ ಹೋಗಿ ತಿಳಿಸ್ತೀವಿ’ ಅಂತ ಹೋಗುತ್ತಿದ್ದರು. ಅವರಲ್ಲಿ ಒಬ್ಬ ಹಿರಿಯರು ಮಾತ್ರ ನೇರವಾಗಿ ಹೇಳಿಬಿಟ್ಟರು. ‘ಹುಡುಗಿ ಲಕ್ಷಣವಾಗಿದ್ದಾಳೆ. ಆದರೆ ಕೂದಲು ಕೆಂಚು. ಶಾಸ್ತ್ರದಲ್ಲೇ ಬೇಡ ಅಂದಿದೆ.’ ಅವರು ಸುಮ್ನೆ ಹೇಳಿದ್ದಾರೆ ಅಂದುಕೊಂಡಿದ್ದೆವು. ಬಹಳ ವರ್ಷದ ಮೇಲೆ ಅಕ್ಕನೇ ಹುಡುಕಿ ನೋಡಿದಳು. ನಿಜವಾಗಿಯೂ ಇದೆ. ಮನುಸ್ಮೃತಿಯ 3ನೇ ಅಧ್ಯಾಯ, 8ನೇ ಶ್ಲೋಕ. ‘ನೋದ್ವಹೇತ್ ಕಪಿಲಾಂ ಕನ್ಯಾಂ’ ಅಂತ ಶುರುವಾಗುತ್ತದೆ. ಕೆಂಚು ಕೂದಲಿನ ಹುಡುಗಿ ಬೇಡ, ಕಾಯಿಲೆಯವಳು ಬೇಡ, ಮೈಮೇಲೆ ರೋಮವೇ ಇಲ್ಲದವಳು ಬೇಡ, ಜಾಸ್ತಿ ಇರುವವಳೂ ಬೇಡ, ಬಾಯಿ ಜಾಸ್ತಿ ಇರುವವಳಂತೂ ಬೇಡ. ‘ಮೊದಲನೆಯದೂ ಕೊನೆಯದೂ ನನಗೇ ಹೇಳಿದ್ದು ಕಣೋ’ ಅಂತ ಅಕ್ಕ ನಕ್ಕಳು. ಗಂಡಿನ ಕೂದಲು ಹೇಗಿರಬೇಕು ಅಂತ ಆ ಶ್ಲೋಕದಲ್ಲಿ ಮಾತಿಲ್ಲ. ಅಕ್ಕನಿಗೆ ಆಮೇಲೆ ಹಾಸನದಲ್ಲಿ ಒಳ್ಳೆಯ ಮನೆ ಸಿಕ್ಕಿತು. ಭಾವ ಇಂದಿಗೂ ಹೆಂಡತಿಯ ಕೂದಲಿನ ಬಣ್ಣ ಯಾವುದು ಅಂದರೆ ಯೋಚಿಸಿ ಹೇಳುವ ಮನುಷ್ಯ. ಈಗ ತಮಾಷೆ ಏನೆಂದರೆ, ಅಕ್ಕನ ವಾರಿಗೆಯ ಹೆಂಗಸರೆಲ್ಲ ನರೆಗೂದಲಿಗೆ ಮೆಹಂದಿ ಹಚ್ಚಿ ಅವಳಿಗಿಂತ ಕೆಂಪಗಾಗಿದ್ದಾರೆ. ಮದುವೆ ಮನೆಯಲ್ಲಿ ಅವರ ನಡುವೆ ಕೂತರೆ ಅಕ್ಕನೇ ಕಪ್ಪಾಗಿ ಕಾಣುತ್ತಾಳೆ.

ಮಗಳು ಚಿಕ್ಕವಳಿದ್ದಾಗಲೂ ಮಾತುಗಳು ಇದ್ದವು, ಆದರೆ ಅವು ಕಾಳಜಿಯ ಮಾತುಗಳು. ಅಂಗನವಾಡಿಯಲ್ಲಿ ತೂಕ ನೋಡುವಾಗ ‘ಮಗುಗೆ ಮೊಟ್ಟೆ, ಬೇಳೆ ಕೊಡ್ತಿದ್ದೀರಾ?’ ಅಂತ ಹೆಂಡತಿಯನ್ನು ಕೇಳಿದ್ದರು. ಅವಳಿಗೆ ಅವಮಾನವಾಗಿತ್ತು. ನನಗೆ ಆ ಪ್ರಶ್ನೆ ತಪ್ಪು ಅನಿಸಲಿಲ್ಲ. ಪ್ರೋಟೀನ್ ತೀರಾ ಕಡಿಮೆಯಾದ ಮಕ್ಕಳಿಗೆ ಬರುವ ಕ್ವಾಷಿಯೋರ್ಕರ್ ಕಾಯಿಲೆಯಲ್ಲಿ ಕೂದಲು ತೆಳ್ಳಗಾಗಿ ಕೆಂಪಗಾಗುತ್ತದೆ, ಕಾಲು ಊದಿಕೊಳ್ಳುತ್ತದೆ. ಆ ಹೆಣ್ಣುಮಗಳು ತನ್ನ ಕೆಲಸ ಮಾಡಿದಳು. ತೂಕ ಸರಿಯಿದೆ ಅಂತ ಗೊತ್ತಾದ ಮೇಲೆ ಮತ್ತೆ ಕೇಳಲಿಲ್ಲ. ಕೇಳಿ ಸುಮ್ಮನಾಗುವವರಿಗೂ, ಉತ್ತರ ಸಿಕ್ಕ ಮೇಲೂ ಬಿಡದವರಿಗೂ ವ್ಯತ್ಯಾಸ ಇದೆ ಅಲ್ವಾ?

ಅಂಗಡಿಯಲ್ಲಿ ಒಮ್ಮೆ ನಡೆದದ್ದನ್ನೂ ಹೇಳಬೇಕು. ಮುಳ್ಳಯ್ಯನಗಿರಿ ನೋಡಿ ಬಂದ ಒಬ್ಬ ಸ್ಕಾಟ್ಲೆಂಡಿನ ಹೆಂಗಸು ಪುಡಿ ಕೊಳ್ಳಲು ಬಂದಿದ್ದರು. ಕೂದಲು ಅಂದರೆ ಅದು ಕೂದಲು, ಮಾಗಿದ ಅಡಿಕೆಗೋಟಿನ ಬಣ್ಣ. ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿ ಹೆಂಗಸರು ‘ಎಷ್ಟು ಚೆಂದ ಇದೆ ನೋಡ್ರಿ’ ಅಂತ ಕಣ್ಣರಳಿಸಿದರು. ನನ್ನ ಮಗಳಿಗೆ ಯಾವ ಎಣ್ಣೆ ಹಚ್ಚಬೇಕೆಂದು ಹೇಳಿಕೊಟ್ಟವರೂ ಅವರೇ. ನಾನು ಅವರ ಮೆಚ್ಚುಗೆಯನ್ನು ನನ್ನ ಹರಕು ಇಂಗ್ಲಿಷಿನಲ್ಲಿ ಮುಟ್ಟಿಸಿದೆ. ಆಕೆ ನಕ್ಕು, ಸ್ಕೂಲಿನಲ್ಲಿ ತನಗೆ ‘ಜಿಂಜರ್’ ಅಂತ ಅಡ್ಡಹೆಸರಿತ್ತು, ಅಳಿಸುವಷ್ಟು ಕಾಡುತ್ತಿದ್ದರು ಅಂದರು. ಬ್ರಿಟನ್ನಿನಲ್ಲಿ ಕೆಂಪು ಕೂದಲಿನ ಮಕ್ಕಳನ್ನು ಹೀಗೆ ಗೋಳುಹೊಯ್ದುಕೊಳ್ಳುವುದು ಹಳೇ ಚಾಳಿಯಂತೆ. ಆಮೇಲೆ ಓದಿದೆ. ಯೂರೋಪಿನ ಹಳೆಯ ಚಿತ್ರಗಳಲ್ಲಿ ಏಸುವಿಗೆ ದ್ರೋಹ ಬಗೆದ ಜೂದಾಸನಿಗೆ ಎಷ್ಟೋ ಕಡೆ ಕೆಂಪು ಕೂದಲು ಬರೆದಿದ್ದಾರೆ. ಪಕ್ಕದ ದೇಶ ನೆದರ್ಲೆಂಡ್ಸಿನಲ್ಲಿ ಮಾತ್ರ 2005ರಿಂದ ಕೆಂಪು ಕೂದಲಿನವರದ್ದೇ ಒಂದು ಹಬ್ಬ ನಡೆಯುತ್ತಿದೆ. ದೂರದವರ ಕೂದಲು ಚೆಂದ, ಪಕ್ಕದ ಮನೆಯವಳದ್ದು ರೋಗ. ಇದು ನಮ್ಮೂರಿನ ಬುದ್ಧಿ ಮಾತ್ರ ಅಲ್ಲ ಅಂತ ಸಮಾಧಾನವಾಯಿತೋ ಬೇಸರವಾಯಿತೋ ಗೊತ್ತಿಲ್ಲ.

ಸರಿ, ಶನಿವಾರಕ್ಕೆ ಬರೋಣ. ಅಂಗಡಿಯನ್ನು ಹುಡುಗನ ಕೈಗೆ ಬಿಟ್ಟು, ಮಗಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹನುಮಂತಪ್ಪ ಸರ್ಕಲ್ ದಾಟಿ ಹೊರಟೆ. ಹಿಂದಿನ ಸಂಜೆ ಪಕ್ಕದ ಮನೆಯವರು ಹತ್ತು ನಿಮಿಷದ ಕೆಲಸಕ್ಕೆ ಯಾಕೆ ಜಗಳ ಅಂತ ಒಂದು ಡೈ ಪ್ಯಾಕೆಟ್ ತಂದುಕೊಟ್ಟಿದ್ದರು. ಅದನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದೆ. ಹಚ್ಚಲು ಅಲ್ಲ, ಓದಿ ಹೇಳಲು.

ಕ್ಲಾಸ್ ಮಿಸ್ ಒಳ್ಳೆಯವರೇ. ‘ಸರ್, ಪಾರ್ಲರ್‌ನಲ್ಲಿ ಮಾಡಿಸಿದ್ದು ಅಲ್ವಾ? ಬೇಸಿಗೆ ರಜೆಯಲ್ಲಿ ಎಲ್ಲರೂ ಮಾಡಿಸ್ತಾರೆ, ಹೇಳಿಬಿಡಿ ಪರವಾಗಿಲ್ಲ’ ಅಂದರು. ಹುಟ್ಟಿದಾಗಿನಿಂದ ಹೀಗೇ ಅಂದೆ. ನನ್ನ ತಲೆ ನೋಡಿದರು. ಅಲ್ಲಿ ಏನೂ ಸಾಕ್ಷಿ ಉಳಿದಿರಲಿಲ್ಲ. ಫೋನಿನಲ್ಲಿದ್ದ ನಾಮಕರಣದ ಫೋಟೋ ತೋರಿಸಿದೆ. ಅದರಲ್ಲಿ ಮಗುವಿಗೆ ಕುಲಾವಿ ಹಾಕಿತ್ತು. ಆಗ ಮಗಳೇ ಕಿಟಕಿ ಹತ್ತಿರ ಹೋಗಿ ತಲೆ ಬಗ್ಗಿಸಿ ನಿಂತಳು. ‘ಮಿಸ್, ಬೈತಲೆ ನೋಡಿ. ಬಣ್ಣ ಹಾಕಿದ್ರೆ ಬುಡದಲ್ಲಿ ಕಪ್ಪು ಬಂದಿರಬೇಕಿತ್ತಲ್ವಾ? ಹುಬ್ಬನ್ನೂ ನೋಡಿ.’ ಮಿಸ್ ಕನ್ನಡಕ ಸರಿಮಾಡಿಕೊಂಡು ನೋಡಿದರು. ಬುಡದಿಂದ ತುದಿಯವರೆಗೂ ಒಂದೇ. ತುದಿ ಸ್ವಲ್ಪ ಜಾಸ್ತಿ ಕೆಂಪು, ಅದು ಬಿಸಿಲಿಗೆ. ‘ಹೌದಲ್ಲ’ ಅಂದರು. ನಾನು ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಹೆಡ್ ಮೇಡಂ ಹತ್ತಿರ ಕರೆದುಕೊಂಡು ಹೋದರು. ಮೇಡಂ ಪೂರ್ತಿ ಕೇಳಿಸಿಕೊಂಡರು. ಆಮೇಲೆ, ‘ಸಹಜ ಅಂತ ನಾನು ಒಪ್ತೀನಿ ಸರ್. ಆದರೂ ಕಪ್ಪು ಮಾಡಿಸಿದ್ರೆ ಒಳ್ಳೇದು. ಇವಳನ್ನು ನೋಡಿ ಬೇರೆ ಮಕ್ಕಳು ಹಾಕಿಸಿಕೊಳ್ತಾರೆ. ಇವಳಿಗೂ ಎಲ್ಲರೂ ಕೇಳೋದು ತಪ್ಪುತ್ತೆ’ ಅಂದರು. ದನಿಯಲ್ಲಿ ಕೋಪ ಇರಲಿಲ್ಲ. ನಿಮ್ಮ ಒಳ್ಳೆಯದಕ್ಕೇ ಅನ್ನುವ ದನಿ. ಅಕ್ಕನನ್ನು ಬೇಡ ಅಂದ ಹಿರಿಯರದ್ದೂ ಅದೇ ದನಿಯಾಗಿತ್ತು.

ಜೇಬಿನಿಂದ ಪ್ಯಾಕೆಟ್ ತೆಗೆದೆ. ಹಚ್ಚುವ 48 ಗಂಟೆ ಮೊದಲು ಚರ್ಮದ ಮೇಲೆ ಪರೀಕ್ಷೆ ಮಾಡಿ ನೋಡಬೇಕು ಅಂತ ಅದರಲ್ಲೇ ಅಚ್ಚಾಗಿತ್ತು. ಕಪ್ಪು ಡೈಗಳಲ್ಲಿ ಸಾಮಾನ್ಯವಾಗಿ ಇರುವ ಪಿಪಿಡಿ ಎನ್ನುವ ರಾಸಾಯನಿಕ ಕೆಲವರಿಗೆ ಆಗುವುದಿಲ್ಲ. ತಲೆ ತುರಿಸಿ, ಮುಖ ಕಣ್ಣು ಊದಿಕೊಳ್ಳುತ್ತದೆ. ಅದನ್ನು ಹೇಳಿ, ‘ಮೇಡಂ, ಹಚ್ಚಿಸ್ತೀನಿ. ಆದರೆ ಶಾಲೆಯವರು ಹೇಳಿದ್ದಕ್ಕೆ ಬಣ್ಣ ಹಚ್ಚಿಸಿದ್ದು ಅಂತ ಡೈರಿಯಲ್ಲಿ ಬರೆದು ಸೀಲ್ ಹಾಕಿಕೊಡಿ’ ಅಂದೆ. ಮೇಡಂ ಪೆನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ‘ಬೇಡ ಬಿಡಿ. ಸಹಜ ಬಣ್ಣ ಅಂತ ಒಂದು ಡಾಕ್ಟರ್ ಸರ್ಟಿಫಿಕೇಟ್ ತಂದುಕೊಡಿ, ಫೈಲ್‌ನಲ್ಲಿ ಇರಲಿ’ ಅಂದರು.

ಅಲ್ಲಿಂದ ಸೀದಾ ಚರ್ಮದ ಡಾಕ್ಟರ್ ಹತ್ತಿರ. ತುರಿ, ಮೊಡವೆ, ಸರ್ಪಸುತ್ತು ಅಂತ ಬಂದವರ ಸಾಲಿನಲ್ಲಿ ಕಾಯಿಲೆಯೇ ಇಲ್ಲದ ನಾವಿಬ್ಬರು. ಡಾಕ್ಟರ್‌ಗೆ ವಿಷಯ ಹೇಳಿದಾಗ ಮೊದಲು ಅರ್ಥವಾಗಲಿಲ್ಲ, ಆಮೇಲೆ ಜೋರಾಗಿ ನಕ್ಕರು. ಇದು ಆ ಫಾರಿನ್‌ನವರ ಕೆಂಪು ಕೂದಲೇನಾ ಅಂತ ನಾನು ಕೇಳಿದೆ, ಅಂಗಡಿಗೆ ಬಂದಿದ್ದ ಹೆಂಗಸು ತಲೆಯಲ್ಲಿದ್ದರಲ್ಲ. ಅವರು ಚೀಟಿಯ ಹಿಂದೆ ಗೀಚಿ ವಿವರಿಸಿದರು. ಕೂದಲಿಗೆ ಬಣ್ಣ ಕೊಡುವುದು ಮೆಲನಿನ್. ಅದರಲ್ಲಿ ಎರಡು ಬಗೆ. ಯೂಮೆಲನಿನ್ ಕಪ್ಪು ಕಂದು, ಫಿಯೋಮೆಲನಿನ್ ಕೆಂಪು ಹಳದಿ. 16ನೇ ವರ್ಣತಂತುವಿನಲ್ಲಿ ಎಂಸಿ1ಆರ್ ಅಂತ ಒಂದು ಜೀನ್ ಇದೆ. ಅದು ಸರಿಯಾಗಿ ಕೆಲಸ ಮಾಡದಿದ್ದರೆ ಕಪ್ಪು ಕಡಿಮೆಯಾಗಿ ಕೆಂಪು ಮೇಲಾಗುತ್ತದೆ. ಕೆಂಪು ಕೂದಲಿಗೂ ಆ ಜೀನಿಗೂ ನಂಟಿದೆ ಅಂತ 1995ರಲ್ಲಿ ಗೊತ್ತಾಯಿತು. ಸಾಮಾನ್ಯವಾಗಿ ತಾಯಿ ತಂದೆ ಇಬ್ಬರಿಂದಲೂ ಬಂದರೆ ಮಾತ್ರ ಹಾಗಾಗುತ್ತದೆ. ಪ್ರಪಂಚದಲ್ಲಿ ನೂರಕ್ಕೆ ಒಬ್ಬರೋ ಇಬ್ಬರೋ ಅಂಥವರು. ‘ನಿಮ್ಮದು ಅಷ್ಟು ದೂರದ್ದಲ್ಲ. ಒಂದು ಮನೆತನದಲ್ಲಿ ಕಪ್ಪು ಸ್ವಲ್ಪ ತೆಳುವಾಗಿರುತ್ತೆ, ಬಿಸಿಲು ಅದನ್ನೂ ಸುಡುತ್ತೆ. ಚರ್ಮ, ಕಣ್ಣು ಎಲ್ಲ ಚೆನ್ನಾಗಿದೆ. ಇದಕ್ಕೆ ಔಷಧಿ ಇಲ್ಲ, ಯಾಕಂದ್ರೆ ಕಾಯಿಲೆ ಇಲ್ಲ.’ ಮಗಳ ಮುಖ ಆ ದಿನ ಮೊದಲ ಸಲ ಸಡಿಲವಾಯಿತು. ಸರ್ಟಿಫಿಕೇಟ್ ಬರೆದುಕೊಟ್ಟರು. ಫೀಸು ತೆಗೆದುಕೊಳ್ಳಲಿಲ್ಲ. ಬದಲಿಗೆ ನಮ್ಮ ಪುಡಿಯಲ್ಲಿ ಚಿಕೋರಿ ಎಷ್ಟು ಹಾಕ್ತೀರಿ ಅಂತ ಕೇಳಿದರು.

ಮನೆಗೆ ಬಂದು ಅಕ್ಕನಿಗೆ ಫೋನ್ ಮಾಡಿದೆ. ಅವಳು ಸಿಡಿದಳು. ‘ಕೊಡಬೇಡ ಕಣೋ. ಇವತ್ತು ಕೂದಲಿಗೆ ಕೊಟ್ಟರೆ ನಾಳೆ ಮೈಬಣ್ಣಕ್ಕೂ ಕೇಳ್ತಾರೆ. ನೀನು ಗಂಡಸು, ನಿನಗೆ ಅದೊಂದು ಕಾಗದ. ಅವಳಿಗೆ ಹಾಗಲ್ಲ.’ ಹೆಂಡತಿ ಕೊಟ್ಟು ಮುಗಿಸಿ ಅಂದಳು. ಪ್ರತಿ ವರ್ಷ ಹೊಸ ಮಿಸ್ ಬರುತ್ತಾರೆ, ಪ್ರತಿ ವರ್ಷ ಯಾರು ಅಂಗಡಿ ಬಿಟ್ಟು ಹೋಗುತ್ತಾರೆ? ಇಬ್ಬರ ಮಾತಿನಲ್ಲೂ ನ್ಯಾಯ ಇತ್ತು. ನನಗೆ ಅಕ್ಕನ ಮಾತೇ ಹೆಚ್ಚು ನಾಟಿತು, ಆದರೆ ತೀರ್ಮಾನ ನನ್ನದಾಗಬಾರದು ಅನಿಸಿತು. ಮಗಳನ್ನೇ ಕೇಳಿದೆ. ಅವಳು ಸರ್ಟಿಫಿಕೇಟನ್ನು ಮಡಚಿ ಡೈರಿಯಲ್ಲಿ ಇಟ್ಟುಕೊಂಡಳು. ‘ಸಾಲಿನಿಂದ ಆಚೆ ನಿಲ್ಲಿಸಿದ್ರೆ ಕೊಡ್ತೀನಿ. ಸುಮ್ನೆ ಕೇಳಿದ್ರೆ ಕೊಡಲ್ಲ’ ಅಂದಳು. ಸೋಮವಾರ ಯಾರೂ ನಿಲ್ಲಿಸಲಿಲ್ಲ. ಫೈಲಿಗೆ ಬೇಕು ಅಂದದ್ದನ್ನೂ ಮರೆತರು. ಗೆಳತಿಯರು ಮಾತ್ರ ಸರ್ಟಿಫಿಕೇಟ್ ತೋರಿಸು ಅಂತ ಗಲಾಟೆ ಮಾಡಿದರಂತೆ.

ಡಿಸೆಂಬರಿನಲ್ಲಿ ವಾರ್ಷಿಕೋತ್ಸವ ಬಂತು. ಮಗಳು ಭರತನಾಟ್ಯದ ಗುಂಪಿನಲ್ಲಿದ್ದಳು. ನನಗೆ ಒಳಗೊಳಗೇ ಪುಕಪುಕ. ಎಲ್ಲ ಹುಡುಗಿಯರಿಗೂ ಕಪ್ಪು ಚೌರಿ ಕಟ್ಟುತ್ತಾರೆ, ಇವಳ ಕೂದಲಿಗೆ ಕಟ್ಟಿದರೆ ಮೇಲೆ ತಾಮ್ರ ಕೆಳಗೆ ಕಪ್ಪು. ಮತ್ತೆ ಡೈ ಮಾತು ಬರುತ್ತದೆ ಅಂದುಕೊಂಡೆ. ಡ್ಯಾನ್ಸ್ ಮೇಡಂ ಅವಳ ಜಡೆ ಹಿಡಿದು ನೋಡಿ, ‘ಬಣ್ಣ ಬಿಡು, ಉದ್ದ ಸಾಲಲ್ಲ’ ಅಂದರಂತೆ. ಚೌರಿ ಸೇರಿಸಿದ ಜಾಗಕ್ಕೆ ಒಂದು ಸುತ್ತು ಮಲ್ಲಿಗೆ ಜಾಸ್ತಿ, ಕೆಳಗೆ ಜಡೆಬಿಲ್ಲೆ. ಐದು ನಿಮಿಷದಲ್ಲಿ ಮುಗಿಯಿತು. ಇಷ್ಟೂ ದಿನದಲ್ಲಿ ಆ ಕೂದಲನ್ನು ಬರೀ ಕೂದಲು ಅಂತ ನೋಡಿದವರು ಡಾಕ್ಟರ್ ಬಿಟ್ಟರೆ ಅವರೊಬ್ಬರೇ.

ಕಾರ್ಯಕ್ರಮದ ದಿನ ನಮ್ಮ ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಅಮ್ಮ ಪಕ್ಕದವರಿಗೆ ಹೇಳುತ್ತಿದ್ದರು, ‘ಎಡಗಡೆ ಹುಡುಗಿ ನೋಡಿ, ಈ ವಯಸ್ಸಿಗೇ ಕಲರಿಂಗ್.’ ನಾನು ತಿರುಗಿ, ‘ಇಲ್ಲಮ್ಮ, ಅದು ನಮ್ಮ ಅಜ್ಜಿ ಕೂದಲು’ ಅಂದೆ. ಅವರು ಗಾಬರಿಯಾದರು. ಆಮೇಲೆ, ‘ಯಾವೂರು ನಿಮ್ಮ ಅಜ್ಜಿದು?’ ಅಂದರು. ಆಲೂರು ಕಡೆ ಅಂದೆ. ‘ಅಯ್ಯೋ, ನಮ್ಮ ದೊಡ್ಡಮ್ಮನ್ನ ಕೊಟ್ಟಿರೋದೂ ಅಲ್ಲೇ!’ ಅಲ್ಲಿಂದ ಮಾತು ಹೊಸಕೋಟೆ ಜಾತ್ರೆ, ಯಾರ ಮನೆ ಯಾವ ಬೀದಿ, ಈ ಸಲದ ಮೆಣಸಿನ ರೇಟು ಅಂತ ಎಲ್ಲೆಲ್ಲೋ ಹೋಯಿತು. ಹೆಂಡತಿ ಮೊಣಕೈಯಿಂದ ತಿವಿದು, ‘ರೀ, ವಿಡಿಯೋ ಮಾಡ್ರೀ, ಮುಗೀತಾ ಬಂತು’ ಅಂದಾಗಲೇ ನಾನು ಸ್ಟೇಜಿನ ಕಡೆ ತಿರುಗಿದ್ದು.