ನಲವತ್ತು ಅಂಕದ ಸೋಲು ಎಲ್ಲಿ ಹುಟ್ಟುತ್ತದೆ: ಸಣ್ಣ ಕಾಲೇಜುಗಳ ಮಹಿಳಾ ಬ್ಯಾಸ್ಕೆಟ್‌ಬಾಲ್ ಬೆಂಚಿನ ಕೆಲಸ

ಪಂದ್ಯ ಮುಗಿದ ಸ್ವಲ್ಪ ಹೊತ್ತಿಗೆ ಬಾಕ್ಸ್ ಸ್ಕೋರ್ ಹಾಳೆ, ಅಂದರೆ ಪಂದ್ಯದ ಅಂಕಿಅಂಶದ ಪಟ್ಟಿ, ಕೈಗೆ ಬರುತ್ತದೆ. 79–41 ಅಂತಿಟ್ಟುಕೊಳ್ಳಿ. ಎಲ್ಲರ ಕಣ್ಣೂ ಮೊದಲು ಹೋಗುವುದು ಶೂಟಿಂಗ್ ಶೇಕಡಾವಾರಿನ ಕಡೆಗೆ. ‘ನಮ್ಮವರಿಗೆ ಬುಟ್ಟಿಗೆ ಹಾಕೋಕೇ ಬರಲ್ಲ’ ಅನ್ನುವ ತೀರ್ಮಾನ ಅಲ್ಲೇ ಆಗಿಬಿಡುತ್ತದೆ. ಅಮೆರಿಕದ ಸಣ್ಣ ಕಾಲೇಜುಗಳ ಮಹಿಳಾ ತಂಡಗಳ ಜೊತೆ ಕೆಲಸ ಮಾಡುವವರು ಆ ಹಾಳೆಯಲ್ಲಿ ಮೊದಲು ಹುಡುಕಬೇಕಾದ್ದು ಬೇರೆ ಎರಡು ಸಾಲುಗಳನ್ನು: ಟರ್ನೋವರ್‌ನಿಂದ (ಶಾಟ್ ಹಾಕುವ ಮೊದಲೇ ಚೆಂಡು ಎದುರಾಳಿಗೆ ಕಳೆದುಕೊಳ್ಳುವುದು) ಬಂದ ಅಂಕ, ಫಾಸ್ಟ್ ಬ್ರೇಕ್ (ಎದುರಾಳಿ ಹಿಂದಕ್ಕೆ ಬರುವ ಮೊದಲೇ ಓಡಿ ಹಾಕುವ) ಅಂಕ. ಏಕಪಕ್ಷೀಯ ಸ್ಕೋರುಗಳಲ್ಲಿ ಹೆಚ್ಚಿನವು ಹುಟ್ಟುವುದು ಅಲ್ಲಿ. ಅವನ್ನು ತಡೆಯುವ ಕೀಲಿಯೂ ಅಲ್ಲೇ ಇದೆ.

ಲೆಕ್ಕ ಹಾಕಿ ನೋಡೋಣ. ಬಲವಾದ ತಂಡ ಶುರುವಿನಿಂದ ಕೊನೆಯವರೆಗೂ ಫುಲ್ ಕೋರ್ಟ್ ಪ್ರೆಸ್ (ಅಂಗಳದ ಉದ್ದಕ್ಕೂ ಎದುರಾಳಿಯನ್ನು ಒತ್ತುವ ಡಿಫೆನ್ಸ್) ಆಡಿತು, ಎರಡೂ ತಂಡಗಳಿಗೆ ತಲಾ 80 ಪೊಸೆಷನ್ (ಚೆಂಡು ಕೈಯಲ್ಲಿರುವ ಸರದಿ) ಸಿಕ್ಕವು ಅನ್ನಿ. ದುರ್ಬಲ ತಂಡ ಅದರಲ್ಲಿ 34 ಸಲ ಚೆಂಡು ಕಳೆದುಕೊಂಡಿತು. ಉಳಿದ 46ರಲ್ಲಿ ಪೊಸೆಷನ್‌ಗೆ 0.9ರಂತೆ 41 ಅಂಕ. ಬಲವಾದ ತಂಡ ಕಳೆದುಕೊಂಡದ್ದು 14. ಉಳಿದ 66ರಲ್ಲಿ 20 ಸಲ ಚೆಂಡನ್ನು ಕಸಿದುಕೊಂಡೇ ಓಡಿ ಲೇಅಪ್ (ಬುಟ್ಟಿಯ ಹತ್ತಿರದಿಂದಲೇ ಹಾಕುವ ಶಾಟ್) ಹಾಕಿದ್ದು. ಅಲ್ಲಿ ಪೊಸೆಷನ್‌ಗೆ 1.3ರಂತೆ 26 ಅಂಕ. ಮಿಕ್ಕ 46ರಲ್ಲಿ 1.15ರಂತೆ 53. ಒಟ್ಟು 79–41, ಅಂತರ 38.

ಈಗ ಅದೇ ಆಟಗಾರ್ತಿಯರು, ಅದೇ ಶೂಟಿಂಗ್. ಪ್ರೆಸ್ ಮಾತ್ರ ತೆಗೆಯಿರಿ. ವೇಗ ಇಳಿಯುತ್ತದೆ, ತಲಾ 68 ಪೊಸೆಷನ್. ದುರ್ಬಲ ತಂಡದ ಟರ್ನೋವರ್ 17ಕ್ಕೆ ಬರುತ್ತದೆ. ಉಳಿದ 51ರಲ್ಲಿ 0.9ರಂತೆ 46 ಅಂಕ. ಬಲವಾದ ತಂಡದ ಟರ್ನೋವರ್ 12. ಕಸಿದು ಓಡಿದ್ದು 8 ಸಲ, ಅದಕ್ಕೆ 10 ಅಂಕ. ಮಿಕ್ಕ 48ರಲ್ಲಿ 55. ಸ್ಕೋರು 65–46, ಅಂತರ 19. ಯಾರ ಕೌಶಲವೂ ಬದಲಾಗಲಿಲ್ಲ, ಅಂತರ ಮಾತ್ರ ಅರ್ಧಕ್ಕೆ ಇಳಿಯಿತು. ಇವು ಲೆಕ್ಕಕ್ಕೆ ಹಿಡಿದ ಅಂಕಿಗಳು. ನಿಮ್ಮದೇ ಹಾಳೆಯ ಅಂಕಿ ಹಾಕಿ ನೋಡಿದರೂ ದಿಕ್ಕು ಇದೇ ಇರುತ್ತದೆ.

ಪ್ರೆಸ್ ಮುಂದೆ ದುರ್ಬಲ ತಂಡ ಹೇಗೆ ಕುಸಿಯುತ್ತದೆ ಅನ್ನುವುದನ್ನು ವಿಡಿಯೋದಲ್ಲಿ ನಿಧಾನಕ್ಕೆ ಓಡಿಸಿ ನೋಡಬೇಕು. ಬುಟ್ಟಿ ಬಿದ್ದ ತಕ್ಷಣ ಹತ್ತಿರ ಇದ್ದವಳು ಚೆಂಡು ಎತ್ತಿಕೊಂಡು ಎಂಡ್ ಲೈನ್ ಆಚೆ ಹೋಗುತ್ತಾಳೆ. ತಂಡದಲ್ಲಿ ಚೆಂಡು ಒಯ್ಯಬಲ್ಲ ಗಾರ್ಡ್ ಒಬ್ಬಳೇ. ಅವಳು ಪಾಸ್ ಪಡೆಯಲು ಮೂಲೆಗೆ ಓಡುತ್ತಾಳೆ, ಬೆನ್ನು ಅಂಗಳದ ಕಡೆಗೆ. ಹಿಡಿದು ತಿರುಗುವಷ್ಟರಲ್ಲಿ ಇಬ್ಬರು ಎದುರಿಗೆ ನಿಂತಿರುತ್ತಾರೆ. ಒಂದು ಕಡೆ ಸೈಡ್ ಲೈನ್, ಇನ್ನೊಂದು ಕಡೆ ಎಂಡ್ ಲೈನ್. ಈ ಎರಡು ಗೆರೆಗಳೂ ಎದುರಾಳಿಯ ಪರವಾಗಿ ಆಡುತ್ತವೆ. ಡ್ರಿಬಲ್ ನಿಂತಿತು, ರೆಫರಿಯ ಕೈ ಐದು ಸೆಕೆಂಡು ಎಣಿಸುತ್ತಿದೆ. ಗಾಬರಿಯಲ್ಲಿ ಅಂಗಳದ ಆಚೆ ಬದಿಗೆ ಎತ್ತರದ ಪಾಸ್ ಎಸೆಯುತ್ತಾಳೆ. ಆ ಪಾಸ್ ಗಾಳಿಯಲ್ಲಿರುವಾಗಲೇ ಮೂರನೆಯ ಡಿಫೆಂಡರ್ ಅದರ ಕೆಳಗೆ ನಿಂತಾಗಿರುತ್ತದೆ. ಎರಡು ಹೆಜ್ಜೆ, ಲೇಅಪ್. ಮತ್ತೆ ಬುಟ್ಟಿ ಬಿದ್ದಿದ್ದರಿಂದ ಮತ್ತೆ ಎಂಡ್ ಲೈನ್, ಮತ್ತೆ ಅದೇ ಮೂಲೆ. ಒಂದೂವರೆ ನಿಮಿಷದಲ್ಲಿ ಒಂದೇ ತಂಡ ಸತತ ಹತ್ತು ಅಂಕ ಗಳಿಸುವ 10–0 ಓಟ ಹೀಗೇ ಆಗುವುದು.

ಕರ್ನಾಟಕದಲ್ಲಿ ಫೀಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ) ನಿಯಮದಲ್ಲಿ ಆಡಿ ಬಂದವರು ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಅಲ್ಲಿ ಶಾಟ್ ಕ್ಲಾಕ್, ಅಂದರೆ ಶಾಟ್ ಹಾಕಲು ಇರುವ ಗಡುವು, 24 ಸೆಕೆಂಡು, ಅರ್ಧ ಅಂಗಳ ದಾಟಲು 8. ಅಮೆರಿಕದ ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ಸಂಸ್ಥೆಯ ಮಹಿಳೆಯರ ಆಟದಲ್ಲಿ 30 ಮತ್ತು 10. ಈ ಹತ್ತು ಸೆಕೆಂಡಿನ ನಿಯಮ ಬಂದದ್ದೇ 2013–14ರ ಸೀಸನ್‌ನಲ್ಲಿ. ಅದಕ್ಕೂ ಮುಂಚೆ ಶಾಟ್ ಕ್ಲಾಕ್ ಮುಗಿಯುವವರೆಗೆ ಹಿಂಬದಿಯ ಅಂಗಳದಲ್ಲಿ ಎಷ್ಟು ಹೊತ್ತು ಬೇಕಾದರೂ ಇರಬಹುದಿತ್ತು. ನಿಯಮ ಬಂದ ಮೇಲೆ ಪ್ರೆಸ್ ಮಾಡುವ ತಂಡಕ್ಕೆ ಗಡಿಯಾರವೂ ಜೊತೆಗೂಡಿತು.

ಇನ್ನು ತಂಡಗಳ ನಡುವೆ ಈ ಪಾಟಿ ಅಂತರ ಯಾಕೆ? ಎನ್‌ಸಿಎಎಯ ಮೂರನೆಯ ಹಂತವಾದ ಡಿವಿಷನ್ 3ರಲ್ಲಿ ನಾನೂರಕ್ಕೂ ಹೆಚ್ಚು ಕಾಲೇಜುಗಳಿವೆ, ಅಲ್ಲಿ ಆಟಕ್ಕೆಂದು ಸ್ಕಾಲರ್‌ಶಿಪ್ ಕೊಡುವಂತಿಲ್ಲ. ಸ್ಕಾಲರ್‌ಶಿಪ್ ಇಲ್ಲದಿದ್ದರೆ ಎಲ್ಲರೂ ಸಮ ಅನ್ನಿಸುತ್ತದೆ. ಫಲಿತಾಂಶ ಹಾಗೆ ಹೇಳುವುದಿಲ್ಲ. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮಹಿಳೆಯರು 1998ರಿಂದ 2001ರವರೆಗೆ ಸತತ ನಾಲ್ಕು ಸಲ ಚಾಂಪಿಯನ್ ಆದರು. ಆ ಕಾಲದಲ್ಲಿ ಸಾಲಾಗಿ 81 ಪಂದ್ಯ ಗೆದ್ದರು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ತಂಡ 2023–24ರಲ್ಲಿ 31–0, ಮರುವರ್ಷವೂ 31–0. ಇಬ್ಬರೂ ದೊಡ್ಡ ನಗರದ, ಹೆಸರುವಾಸಿ ಸಂಶೋಧನಾ ವಿಶ್ವವಿದ್ಯಾಲಯದವರು. ಸ್ಕಾಲರ್‌ಶಿಪ್ ತೆಗೆದರೂ ಹೆಸರಿನ ಸೆಳೆತ, ಒಟ್ಟಾರೆ ಹಣಕಾಸು ನೆರವು, ಪೂರ್ಣಾವಧಿಯ ಅಸಿಸ್ಟೆಂಟ್ ಕೋಚ್, ಊರಿಂದೂರಿಗೆ ಹೋಗಿ ಆಟಗಾರ್ತಿಯರನ್ನು ಹುಡುಕುವ ಬಜೆಟ್ ಇವೆಲ್ಲ ಉಳಿದೇ ಉಳಿಯುತ್ತವೆ.

ಕೆಳಗಿನ ತುದಿಯ ತಂಡಕ್ಕೆ ಇದಕ್ಕಿಂತ ದೊಡ್ಡ ಪೆಟ್ಟು ಕೊಡುವುದು ತಲೆಗಳ ಎಣಿಕೆ. ನವೆಂಬರಿನಲ್ಲಿ ಹನ್ನೆರಡು ಹುಡುಗಿಯರಿರುತ್ತಾರೆ. ಒಬ್ಬಳಿಗೆ ಮಂಡಿಯ ಲಿಗಮೆಂಟ್ ಹರಿಯುತ್ತದೆ, ಒಬ್ಬಳು ಸೆಮಿಸ್ಟರ್ ಮುಗಿದ ಮೇಲೆ ಕಾಲೇಜು ಬದಲಿಸುತ್ತಾಳೆ, ನರ್ಸಿಂಗ್ ಓದುವವಳಿಗೆ ಕ್ಲಿನಿಕಲ್ ಡ್ಯೂಟಿ ಬೀಳುತ್ತದೆ. ಜನವರಿಯ ಹೊತ್ತಿಗೆ ಏಳೆಂಟು ಜನ ಉಳಿದರೆ ಅಭ್ಯಾಸದಲ್ಲಿ ಐದಕ್ಕೆ ಐದು ಆಡುವುದೇ ಸಾಧ್ಯವಿಲ್ಲ. ಐದಕ್ಕೆ ಐದು ಆಡದ ತಂಡಕ್ಕೆ ಪ್ರೆಸ್ ಒಡೆಯುವ ಅಭ್ಯಾಸ ಎಲ್ಲಿಂದ ಬರಬೇಕು? ಅದಕ್ಕೇ ಅದೇ ಎರಡು ತಂಡಗಳ ಎರಡನೆಯ ಭೇಟಿಯಲ್ಲಿ ಅಂತರ ಇನ್ನೂ ಹಿಗ್ಗಿದರೆ ಆಟಗಾರ್ತಿಯರನ್ನು ಬೈಯುವುದಕ್ಕಿಂತ ಮೊದಲು ಎರಡೂ ಹಾಳೆಗಳಲ್ಲಿ ಎಷ್ಟು ಹೆಸರುಗಳ ಮುಂದೆ ನಿಮಿಷ ಬರೆದಿದೆ ಎಣಿಸಿ.

ಕಾನ್ಫರೆನ್ಸ್, ಅಂದರೆ ಪ್ರತಿ ವರ್ಷ ತಮ್ಮತಮ್ಮಲ್ಲೇ ಆಡುವ ಕಾಲೇಜುಗಳ ಗುಂಪು, ಎಷ್ಟು ಅಸಮ ಅನ್ನುವುದನ್ನು ಅಳೆಯಲೂ ಒಂದು ಸರಳ ದಾರಿ ಇದೆ. ಒಂಬತ್ತು ತಂಡ, ಪ್ರತಿಯೊಬ್ಬರ ಜೊತೆ ಎರಡೆರಡು ಪಂದ್ಯ, ತಲಾ 16. ಎಲ್ಲ ತಂಡಗಳೂ ಸಮಬಲವಾಗಿದ್ದು ಫಲಿತಾಂಶ ನಾಣ್ಯ ಚಿಮ್ಮಿದ ಹಾಗೆ ಬಂದರೆ ಗೆಲುವಿನ ಪ್ರಮಾಣದ ಸ್ಟ್ಯಾಂಡರ್ಡ್ ಡೀವಿಯೇಷನ್ (ಸರಾಸರಿಯಿಂದ ಎಷ್ಟು ಚದುರಿದೆ ಅನ್ನುವ ಅಳತೆ) 0.5 ಭಾಗಿಸು 16ರ ವರ್ಗಮೂಲ, ಅಂದರೆ 0.125. ಮೇಲಿನವರು ಕೆಳಗಿನವರೆಲ್ಲರನ್ನೂ ತಪ್ಪದೆ ಸೋಲಿಸಿದರೆ ಗೆಲುವುಗಳು 16, 14, 12 ಹೀಗೆ ಸೊನ್ನೆಯವರೆಗೆ. ಆಗ ಡೀವಿಯೇಷನ್ ಸುಮಾರು 0.323. ಇದನ್ನು 0.125ರಿಂದ ಭಾಗಿಸಿದರೆ 2.58. ಇಂಥ ಕಾನ್ಫರೆನ್ಸಿನಲ್ಲಿ 1 ಅಂದರೆ ಪೂರ್ತಿ ಸಮಬಲ, 2.58 ಅಂದರೆ ಪಂದ್ಯ ಆಡುವ ಮೊದಲೇ ಫಲಿತಾಂಶ ಗೊತ್ತು. ನಿಮ್ಮ ಪಟ್ಟಿಯದು 2ರ ಮೇಲಿದ್ದರೆ ಕಾನ್ಫರೆನ್ಸ್ ಪಂದ್ಯಗಳನ್ನು ನೀವು ಬದಲಿಸಲಾರಿರಿ, ಹೊರಗಿನ ಪಂದ್ಯಗಳನ್ನಾದರೂ ಜಾಣತನದಿಂದ ಆರಿಸಬೇಕು. ತಂಡದ ಪ್ರಗತಿ ನೋಡುವಾಗ ಸರಾಸರಿ ಅಂತರ ನಂಬಬೇಡಿ. 6, 9, 11, 14, 58 ಅಂಕಗಳಿಂದ ಸೋತ ತಂಡದ ಸರಾಸರಿ 19.6, ಮಧ್ಯದ ಅಂಕಿ 11. ತಂಡದ ನಿಜ ಸ್ಥಿತಿ ಹೇಳುವುದು ಆ 11.

ಡಿವಿಷನ್ 3ರ ಮಿತಿ 25 ಪಂದ್ಯ. 16 ಕಾನ್ಫರೆನ್ಸಿಗೆ ಹೋದರೆ ಕೈಯಲ್ಲಿ ಉಳಿಯುವುದು ಒಂಬತ್ತು. ಹಿಂದಿನ ವರ್ಷದ ಅಂತರ ನೋಡಿ ಎದುರಾಳಿಗಳನ್ನು ಮೂರು ಗುಂಪು ಮಾಡಿಕೊಳ್ಳಿ: 10ರೊಳಗೆ, 10ರಿಂದ 25, 25ರ ಮೇಲೆ. ದುರ್ಬಲ ತಂಡಕ್ಕೆ ಒಂಬತ್ತರಲ್ಲಿ ಐದಾದರೂ ಮೊದಲ ಗುಂಪಿನವು ಬೇಕು, ಮೂರನೆಯ ಗುಂಪಿನವು ಎರಡು ಸಾಕು, ಅವೆರಡೂ ಬೆನ್ನುಬೆನ್ನಿಗೆ ಬರಬಾರದು. ನವೆಂಬರಿನ ವಾರಾಂತ್ಯದ ಟೂರ್ನಿಗೆ ಕರೆ ಬಂದಾಗ ಮೊದಲ ದಿನ ಯಾರ ಜೊತೆ ಅನ್ನುವುದನ್ನು ಬರವಣಿಗೆಯಲ್ಲಿ ಕೇಳಿ. ಆತಿಥೇಯರು ತಮ್ಮ ಮೊದಲ ಪಂದ್ಯಕ್ಕೆ ಸುಲಭದವರನ್ನೇ ಹುಡುಕುತ್ತಿರುತ್ತಾರೆ. ಬಲವಾದ ತಂಡಕ್ಕೂ ಈಗ ದೊಡ್ಡ ಅಂತರದ ಗೆಲುವಿನಲ್ಲಿ ಲಾಭವಿಲ್ಲ. 2024–25ರಿಂದ ಡಿವಿಷನ್ 3ರ ಟೂರ್ನಮೆಂಟ್ ಆಯ್ಕೆ ಎನ್‌ಪಿಐ ಅನ್ನುವ ಸೂಚ್ಯಂಕದ ಮೇಲೆ ನಡೆಯುತ್ತಿದೆ. ಅದು ಗೆಲುವು ಸೋಲು, ಎದುರಾಳಿಯ ಬಲ, ಪಂದ್ಯ ತವರಲ್ಲೋ ಹೊರಗೋ ಅನ್ನುವುದನ್ನು ನೋಡುತ್ತದೆ, ಎಷ್ಟು ಅಂಕದಿಂದ ಗೆದ್ದಿರಿ ಅನ್ನುವುದನ್ನಲ್ಲ. 25ರಿಂದ ಗೆದ್ದರೂ 65ರಿಂದ ಗೆದ್ದರೂ ಸಿಗುವುದು ಒಂದೇ.

ಪಂದ್ಯದ ದಿನ, ಬಲವಾದ ತಂಡದ ಬೆಂಚಿನ, ಅಂದರೆ ಕೋಚ್‌ಗಳ, ಕೆಲಸ. ಅನೇಕ ರಾಜ್ಯಗಳ ಹೈಸ್ಕೂಲು ಆಟದಲ್ಲಿ ಅಂತರ 35 ಅಥವಾ 40 ದಾಟಿದರೆ ಗಡಿಯಾರ ನಿಲ್ಲಿಸದೆ ಓಡಿಸುವ ನಿಯಮವಿದೆ. ಎನ್‌ಸಿಎಎ ಆಟದಲ್ಲಿ ಅದಿಲ್ಲ, ನಲವತ್ತು ನಿಮಿಷವೂ ಆಡಲೇಬೇಕು. ಹಾಗಾಗಿ ಹೊಣೆ ಪೂರ್ತಿ ಕೋಚ್ ಮೇಲೆ. 15 ಅಂಕ ಮುಂದಾದಾಗ ಪ್ರೆಸ್ ತೆಗೆಯಿರಿ. 30ಕ್ಕೆ ತೆಗೆದರೆ ತಡವಾಯಿತು, ಅಷ್ಟರಲ್ಲಿ ಎದುರಾಳಿ ಗಾರ್ಡ್‌ನ ಕಾಲೂ ಮನಸ್ಸೂ ಸೋತಿರುತ್ತವೆ, ಆಮೇಲೆ ಪ್ರೆಸ್ ಇಲ್ಲದೆಯೂ ಚೆಂಡು ಕೈಜಾರುತ್ತದೆ. 20ಕ್ಕೆ ಡಿಫೆನ್ಸ್ ಅನ್ನು ಮೂರು ಅಂಕದ ಗೆರೆಯ ಒಳಗೆ ಎಳೆದುಕೊಳ್ಳಿ, ಪಾಸ್‌ಗಳಿಗೆ ಕೈಹಾಕುವುದು ನಿಲ್ಲಲಿ. 25 ದಾಟಿದರೆ ಮೊದಲ ಐದು ಜನ ಒಬ್ಬೊಬ್ಬರಾಗಿ ಬೆಂಚಿಗೆ ಬರಲಿ, ಅಟ್ಯಾಕ್ ಶಾಟ್ ಕ್ಲಾಕಿನ ಇಪ್ಪತ್ತು ಸೆಕೆಂಡು ಬಳಸಿಕೊಳ್ಳಲಿ. ಕ್ವಾರ್ಟರ್ ಅಂದರೆ 600 ಸೆಕೆಂಡು. ಪ್ರತಿ ಪೊಸೆಷನ್ 15 ಸೆಕೆಂಡಿನದಾದರೆ ಎರಡೂ ಕಡೆ ಸೇರಿ 40, ತಲಾ 20. 20 ಸೆಕೆಂಡಿನದಾದರೆ ತಲಾ 15. ಅವಮಾನದ ಮಾತಿಲ್ಲದೆ ತಲಾ ಐದು ಪೊಸೆಷನ್ ಕಡಿಮೆಯಾದವು.

ಇಲ್ಲಿ ತಪ್ಪುವ ಜಾಗ ಒಂದಿದೆ, ಅನುಭವಿ ಕೋಚ್‌ಗಳೂ ಎಡವುತ್ತಾರೆ. ಮೊದಲ ಐದು ಜನರನ್ನು ಹೊರಗೆ ಕರೆದರೆ ಆಟ ತಣ್ಣಗಾಗುತ್ತದೆ ಅಂದುಕೊಳ್ಳುತ್ತೇವೆ. ಬೆಂಚಿನಿಂದ ಒಳಗೆ ಹೋದ ಹುಡುಗಿಗೆ ಅದು ವಾರಕ್ಕೊಮ್ಮೆ ಸಿಗುವ ಆರು ನಿಮಿಷ. ಕೋಚ್ ಕಣ್ಣಿಗೆ ಬೀಳಬೇಕು, ಪ್ರತಿ ಚೆಂಡಿಗೂ ಬೀಳುತ್ತಾಳೆ, ಪ್ರತಿ ಪಾಸಿಗೂ ಕೈಹಾಕುತ್ತಾಳೆ. ಅಂತರ ಇನ್ನೂ ಬೆಳೆಯುವುದು ಆಗಲೇ. ಅವಳಿಗೆ ‘ನಿಧಾನ ಆಡು’ ಅಂತ ಸೈಡ್ ಲೈನಿನಿಂದ ಕೂಗುವುದು ಅನ್ಯಾಯ. ಅಭ್ಯಾಸದಲ್ಲೇ ಒಂದು ಹೆಸರಿಟ್ಟು ಸೆಟ್ ಕಲಿಸಿರಬೇಕು: ಅರ್ಧ ಅಂಗಳದ ಜೋನ್ (ಎದುರಾಳಿಯ ಬದಲು ತಮ್ಮ ಜಾಗ ಕಾಯುವ ಡಿಫೆನ್ಸ್), ಅಟ್ಯಾಕ್‌ನಲ್ಲಿ ಐದು ಪಾಸ್, ಆಮೇಲೆ ಸಿಕ್ಕ ಒಳ್ಳೆಯ ಶಾಟ್. ಆ ಸೆಟ್ ಎಷ್ಟು ಸರಿಯಾಗಿ ಆಡಿದಳು ಅನ್ನುವುದಕ್ಕೇ ಮರುದಿನ ಅಂಕ ಕೊಡಿ. ಅವಳು ತೋರಿಸಿಕೊಳ್ಳಬೇಕಾದ್ದು ಏನು ಅನ್ನುವುದು ಆಗ ಅವಳಿಗೂ ಸ್ಪಷ್ಟ.

ಬುಟ್ಟಿಯ ಕೆಳಗೆ ಒಬ್ಬಳೇ ನಿಂತಿದ್ದಾಗಲೂ ಶಾಟ್ ಬೇಡ ಅನ್ನುವುದು, ಬೇಕೆಂದೇ ಚೆಂಡು ಹೊರಗೆ ಎಸೆಯುವುದು, ಎಡಗೈಯಲ್ಲಿ ಮಾತ್ರ ಹಾಕಿ ಅನ್ನುವುದು ಬೇಡ. ಎದುರಿಗಿರುವವರು ಆಟಗಾರ್ತಿಯರು, ಅವರಿಗೆ ಅದು ಒಂದೇ ಪಾಸಿನಲ್ಲಿ ಅರ್ಥವಾಗುತ್ತದೆ. ಇನ್ನೂ ಹತ್ತು ಅಂಕ ಹೆಚ್ಚಿಗೆ ಸೋತರೂ ಅವರಿಗೆ ಅಷ್ಟು ನೋವಾಗುವುದಿಲ್ಲ.

ಸೋಲುತ್ತಿರುವ ಬೆಂಚಿನ ಕೆಲಸ ಇದಕ್ಕಿಂತ ಕಷ್ಟ. ಬುಟ್ಟಿ ಬಿದ್ದಾಗ ಯಾರು ಚೆಂಡು ಎತ್ತಬೇಕು ಅನ್ನುವುದು ಮೊದಲೇ ನಿಗದಿಯಾಗಿರಲಿ. ಎತ್ತರದವಳೊಬ್ಬಳು, ಯಾವಾಗಲೂ ಅವಳೇ, ಟ್ರ್ಯಾಪ್ (ಇಬ್ಬರು ಸೇರಿ ಚೆಂಡು ಹಿಡಿದವಳನ್ನು ಸುತ್ತುವುದು) ಕೂರುವ ಮೊದಲೇ ಒಳಗೆ ಎಸೆಯಲಿ. ಗಾರ್ಡ್ ಮೂಲೆಯಲ್ಲಿ ಚೆಂಡು ಪಡೆಯಬಾರದು, ಫ್ರೀ ಥ್ರೋ ಗೆರೆಯ ಆಸುಪಾಸಿನಲ್ಲಿ ಪಡೆಯಲಿ. ಇನ್ನೊಬ್ಬಳು ಅರ್ಧ ಗೆರೆಯ ನಡುವಿನಿಂದ ಚೆಂಡಿನ ಕಡೆಗೆ ಓಡಿಬರಲಿ, ಟ್ರ್ಯಾಪಿನಿಂದ ಹೊರಬರುವ ಪಾಸ್ ಅವಳಿಗೆ. ಎಸೆದವಳು ಎಂಡ್ ಲೈನ್ ದಾಟಿ ಒಳಬಂದು ಚೆಂಡಿನ ಹಿಂದೆ ನಿಲ್ಲಬೇಕು. ಹಿಂದಕ್ಕೊಂದು ಪಾಸ್ ಇದ್ದರೆ ಗಾಬರಿ ಅರ್ಧ ಇಳಿಯುತ್ತದೆ. ಲೇಅಪ್ ತಡೆಯಲು ಫೌಲ್ ಮಾಡುವ ಚಾಳಿ ಬೇಡ. ಕ್ವಾರ್ಟರಿನ ಐದನೆಯ ತಂಡದ ಫೌಲಿನಿಂದ ಎದುರಾಳಿಗೆ ಎರಡೆರಡು ಫ್ರೀ ಥ್ರೋ. 70 ಪ್ರತಿಶತ ಹಾಕುವ ತಂಡಕ್ಕೆ ಅದು ಪ್ರತಿ ಸಲ 1.4 ಅಂಕ, ಅವರ ಮಾಮೂಲಿ ಅಟ್ಯಾಕ್‌ಗಿಂತ ಹೆಚ್ಚು. ಏಳು ಜನರ ತಂಡದಲ್ಲಿ ಇಬ್ಬರು ಐದು ಫೌಲಿಗೆ ಹೊರಗೆ ಹೋದರೆ ಮುಂದೆ ಬದಲಿ ಅನ್ನುವುದೇ ಇಲ್ಲ.

2015–16ರಲ್ಲಿ ಮಹಿಳೆಯರ ಕಾಲೇಜು ಆಟ ಇಪ್ಪತ್ತು ನಿಮಿಷದ ಎರಡು ಹಾಫ್ ಬಿಟ್ಟು ಹತ್ತು ನಿಮಿಷದ ನಾಲ್ಕು ಕ್ವಾರ್ಟರಿಗೆ ಬಂತು. ಹಿಂದಿರುವ ತಂಡಕ್ಕೆ ಇದು ದೊಡ್ಡ ಉಪಕಾರ. ಬೆಂಚಿನ ಬಿಳಿ ಬೋರ್ಡಿನ ಮೇಲೆ ಪ್ರತಿ ಕ್ವಾರ್ಟರಿಗೂ 0–0 ಬರೆದು ಹೊಸದಾಗಿ ಎಣಿಸಿ. ಜೊತೆಗೆ ಒಂದೇ ಒಂದು ಗುರಿ: ಈ ಕ್ವಾರ್ಟರಿನಲ್ಲಿ ಟರ್ನೋವರ್ ಐದರೊಳಗೆ. ಗೋಡೆಯ ಮೇಲೆ 52–19 ಉರಿಯುತ್ತಿರುವಾಗ ‘ಹೋರಾಡಿ’ ಅನ್ನುವ ಮಾತಿಗೆ ಹಿಡಿತವಿಲ್ಲ. ‘ಇನ್ನು ನಾಲ್ಕು ನಿಮಿಷ, ಟರ್ನೋವರ್ ಮೂರಾಗಿದೆ’ ಅನ್ನುವುದಕ್ಕೆ ಇದೆ.

ಮುಂದಿನ ಅಭ್ಯಾಸದ ಮೊದಲ ಹತ್ತು ನಿಮಿಷ ಪ್ರೆಸ್‌ಗೇ ಮೀಸಲಿಡಿ. ಐದು ಜನರ ಮೇಲೆ ಏಳು ಡಿಫೆಂಡರ್‌ಗಳನ್ನು ಬಿಡಿ. ತಂಡದಲ್ಲಿ ಜನ ಸಾಲದಿದ್ದರೆ ಅಸಿಸ್ಟೆಂಟ್ ಕೋಚ್, ಮ್ಯಾನೇಜರ್, ನಿಯಮ ಒಪ್ಪುವಷ್ಟರ ಮಟ್ಟಿಗೆ ಅಭ್ಯಾಸಕ್ಕೆ ಬರುವ ಹುಡುಗರು ಯಾರನ್ನಾದರೂ ನಿಲ್ಲಿಸಿ. ಡ್ರಿಬಲ್ ಇಲ್ಲ, ಬರೀ ಪಾಸ್. ಹತ್ತು ಪ್ರಯತ್ನದಲ್ಲಿ ಎಷ್ಟು ಸಲ ಹತ್ತು ಸೆಕೆಂಡಿನೊಳಗೆ ಅರ್ಧ ಗೆರೆ ದಾಟಿದರು ಬರೆದಿಡಿ. ಮೊದಲ ವಾರ ಮೂರೋ ನಾಲ್ಕೋ ಇರುತ್ತದೆ. ಅದು ಏಳಕ್ಕೆ ಏರಿದ ಮೇಲೆ ಪ್ರೆಸ್ ಆಡುವ ತಂಡದ ಜೊತೆಗಿನ ಮುಂದಿನ ಪಂದ್ಯದ ಹಾಳೆಯಲ್ಲಿ ಟರ್ನೋವರ್‌ನಿಂದ ಬಂದ ಅಂಕದ ಸಾಲನ್ನು ಹಿಂದಿನದರ ಪಕ್ಕ ಇಟ್ಟು ನೋಡಿ.